ಬಾಣ ಹೋದ ದಾರಿ, ಪುಷ್ಪಕ ಬಂದ ದಾರಿ

1800ರ ಜೂನ್ ತಿಂಗಳು. ಹರಿಹರದ ಬಳಿ ಕಂಪನಿ ಸರ್ಕಾರದ ದಂಡು ತುಂಗಭದ್ರೆಯನ್ನು ದಾಟುತ್ತಿತ್ತು. ಮಲೆನಾಡಿನಲ್ಲಿ ಮುಂಗಾರು ಹಿಡಿದರೆ ಹೊಳೆ ತುಂಬಿ ಬರುವ ಕಾಲ ಅದು. ಪೋಲಾಳ್ವ ದಂಡನಾಯಕ 1224ರಲ್ಲಿ ಕಟ್ಟಿಸಿದ ಹರಿಹರೇಶ್ವರನ ಗುಡಿ ಆ ವೇಳೆಗಾಗಲೇ ಐದೂಮುಕ್ಕಾಲು ಶತಮಾನಗಳ ದಂಡುಗಳನ್ನು ಕಂಡಿತ್ತು. ಈ ದಂಡಿನ ಮುಂದಾಳು ಮೂವತ್ತೊಂದು ವರ್ಷದ ಆರ್ಥರ್ ವೆಲ್ಲೆಸ್ಲಿ. ಮುಂದೆ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಎನಿಸಿಕೊಂಡು ವಾಟರ್ಲೂ ರಣರಂಗದಲ್ಲಿ ನೆಪೋಲಿಯನ್ನನನ್ನು ಮಣಿಸಿದವನು. ಅವನು ಬೆನ್ನಟ್ಟಿ ಹೊರಟಿದ್ದು ನಮ್ಮ ಚನ್ನಗಿರಿಯ ಧೋಂಡಿಯ ವಾಘನನ್ನು. ಶ್ರೀರಂಗಪಟ್ಟಣದ ಸೆರೆಯಿಂದ ಹೊರಬಿದ್ದು, ಚೆದುರಿದ ಸೈನಿಕರನ್ನು ಕೂಡಿಸಿಕೊಂಡು, ತನ್ನನ್ನು ತಾನೇ ಉಭಯಲೋಕಾಧೀಶ್ವರನೆಂದು ಕರೆದುಕೊಂಡ ಗಂಡುಗಲಿ ಆತ. ಆ ವರ್ಷದ ಸೆಪ್ಟೆಂಬರ್ 10ರಂದು ಕೋಣಗಲ್ಲಿನ ಬಯಲಲ್ಲಿ ಅವನ ಕಥೆ ಮುಗಿಯಿತು.

ಎರಡು ಲೋಕಗಳಿಗೆ ಒಡೆಯನೆಂಬ ಆ ಬಿರುದನ್ನು ನೆನೆದಾಗಲೆಲ್ಲ ನನಗೆ ಇನ್ನೊಂದು ವೃತ್ತಾಂತ ಕಣ್ಣಿಗೆ ಕಟ್ಟುತ್ತದೆ. ನೆಲದಿಂದ ಮುಗಿಲಿಗೆ ಹಾರಲು ಮನುಷ್ಯ ಕಟ್ಟಿಕೊಂಡ ವಾಹನದ ಮೊದಲ ಉಕ್ಕಿನುಸಿರು ಇದೇ ಸೀಮೆಯ ಕುಲುಮೆಗಳಲ್ಲಿ ಹುಟ್ಟಿತು. ಇಲ್ಲಿಂದ ಹೊರಟುಹೋದ ಆ ವಿದ್ಯೆ ಎರಡು ಶತಮಾನ ಹೊರನಾಡುಗಳನ್ನು ಸುತ್ತಿ, ರೆಕ್ಕೆ ಕಟ್ಟಿಕೊಂಡು, ನಮ್ಮ ಕಣ್ಣೆದುರೇ ಚಿತ್ರದುರ್ಗದ ಬಯಲಿಗೆ ಮರಳಿತು. ದಾವಣಗೆರೆಯವರು ಈ ಕಥೆಯನ್ನು ಬೆಂಗಳೂರಿನದೆಂದೋ ಮೈಸೂರಿನದೆಂದೋ ಬಿಟ್ಟುಕೊಡಬಾರದು. 1997ರವರೆಗೆ ನಾವೂ ಚಿತ್ರದುರ್ಗ ಜಿಲ್ಲೆಯವರೇ ಆಗಿದ್ದೆವಲ್ಲ.

ವೆಲ್ಲೆಸ್ಲಿ ಹರಿಹರಕ್ಕೆ ಬರುವ ಹದಿನಾಲ್ಕು ತಿಂಗಳ ಹಿಂದೆ, 1799ರ ಏಪ್ರಿಲ್ 5ರ ರಾತ್ರಿ, ಶ್ರೀರಂಗಪಟ್ಟಣದ ಬಳಿಯ ಸುಲ್ತಾನ್‌ಪೇಟೆ ತೋಪಿನೊಳಗೆ ತನ್ನ ಪಡೆಯನ್ನು ನುಗ್ಗಿಸಿದ್ದ. ಕಗ್ಗತ್ತಲು, ಕಾಲುವೆ, ಬಿದಿರುಮೆಳೆ. ಎದುರಿನಿಂದ ತುಪಾಕಿಯ ಗುಂಡಿನೊಡನೆ ಬಾಣಗಳೂ ಸುರಿದವು. ಬಾಣವೆಂದರೆ ಬಿಲ್ಲಿನ ಅಂಬಲ್ಲ. ಬೆಂಕಿಯುಗುಳುತ್ತ ನೆಲ ಸವರಿ, ಚಿಮ್ಮಿ, ಎತ್ತ ತಿರುಗುವುದೋ ತಿಳಿಯದಂತೆ ಬರುವ ಕಬ್ಬಿಣದ ಕೊಳವೆ. ಪಡೆ ದಿಕ್ಕೆಟ್ಟಿತು. ಹನ್ನೆರಡು ಮಂದಿ ಗ್ರೆನೇಡಿಯರ್‌ಗಳು ಸೆರೆಯಾದರು. ಮೊಣಕಾಲಿಗೆ ಪೆಟ್ಟು ತಿಂದು ಹಿಂದಿರುಗಿದ ವೆಲ್ಲೆಸ್ಲಿ ಮರುದಿನ ಹಗಲಿನಲ್ಲಿ ಆ ತೋಪನ್ನು ಗೆದ್ದುಕೊಂಡ. ಕನ್ನಡದಲ್ಲಿ ಬಾಣಬಿರುಸು ಎಂಬ ಜೋಡುಮಾತು ಇಂದಿಗೂ ಬದುಕಿದೆ. ದೀಪಾವಳಿಯಲ್ಲಿ ಅದನ್ನಾಡುವ ಮಕ್ಕಳ ಬಾಯಲ್ಲಿ ಆ ಯುದ್ಧಗಳ ಪಳೆಯುಳಿಕೆಯೊಂದು ಕೂತಿದೆ.

ಬಾಣ ಮೈಸೂರಿಗೆ ಹೊಸತಾಗಿರಲಿಲ್ಲ, ಜಗತ್ತಿಗೂ ಹೊಸತಲ್ಲ. ಚೀನಾದಲ್ಲಿ ಶತಮಾನಗಳ ಹಿಂದೆಯೇ ಕಾಗದ, ಬಿದಿರಿನ ಕೊಳವೆಗಳಲ್ಲಿ ಮದ್ದು ತುಂಬಿ ಹಾರಿಸುತ್ತಿದ್ದರು. ಹೈದರಾಲಿಯ ತಂದೆ ಬೂದಿಕೋಟೆಯಲ್ಲಿದ್ದಾಗ ಅವನ ಕೈಕೆಳಗೆ ಐವತ್ತು ಮಂದಿ ಬಾಣಗಾರರಿದ್ದರೆಂದು ಪ್ರತೀತಿ. ಹೈದರ್ ಮತ್ತು ಟಿಪ್ಪು ಕಾಲದಲ್ಲಿ ಆದ ಹೊಸತನ ಒಂದೇ, ಆದರೆ ಅದು ಬಲು ದೊಡ್ಡದು: ಕೊಳವೆ ಕಬ್ಬಿಣದ್ದಾಯಿತು. ಕಾಗದದ ಕೊಳವೆಯಲ್ಲಿ ಮದ್ದನ್ನು ಬಲವಾಗಿ ಜಡಿದರೆ ಒತ್ತಡ ತಾಳದೆ ಒಡೆದು ಹೋಗುತ್ತದೆ. ಬಡಿದು ಹದಮಾಡಿದ ಮೆದುಕಬ್ಬಿಣದ ತಗಡು ಆ ಒತ್ತಡವನ್ನು ತಡೆದು ಹಿಡಿಯುತ್ತದೆ. ಹೊಗೆ, ಬೆಂಕಿ ಹಿಂಬಾಯಿಂದಲೇ ನುಗ್ಗಬೇಕಾಗುತ್ತದೆ. ಹಿಂದಕ್ಕೆಷ್ಟು ನುಗ್ಗುವುದೋ ಮುಂದಕ್ಕಷ್ಟು ತಳ್ಳುತ್ತದೆ. ಗೇಣುದ್ದದ ಕೊಳವೆ, ಅದಕ್ಕೆ ತೊಗಲಿನ ಪಟ್ಟಿಯಿಂದ ಬಿಗಿದ ಆಳೆತ್ತರಕ್ಕೆ ತುಸು ಕಮ್ಮಿಯ ಬಿದಿರು, ಕೆಲವಕ್ಕೆ ಬಿದಿರಿನ ಬದಲು ಕತ್ತಿಯ ಅಲಗು. ಅಷ್ಟೇ ಸಾಮಗ್ರಿ. ಎರಡು ಕಿಲೋಮೀಟರಿನವರೆಗೂ ಅದು ಹೋಗಿ ಬೀಳುತ್ತಿತ್ತು. ಅಂದಿನ ಯುರೋಪಿನಲ್ಲಿ ಅಂಥದ್ದಿರಲಿಲ್ಲ.

ಮದ್ದು ಅರೆಯುವವರು, ತಗಡು ಬಡಿಯುವ ಕಮ್ಮಾರರು, ಬಾಣ ಕಟ್ಟುವವರು ಕೂಡಿ ನೆಲೆಸಿದ ಕೇರಿಗೆ ತಾರಾಮಂಡಲಪೇಟೆ ಎಂದು ಹೆಸರು. ನಕ್ಷತ್ರಗಳ ಪೇಟೆ! ಅಂಥ ಪೇಟೆಗಳು ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗ, ಬಿದನೂರು ಈ ನಾಲ್ಕು ಕಡೆ ಇದ್ದವು. ಬಿದನೂರು 1763ರಲ್ಲಿ, ಚಿತ್ರದುರ್ಗ 1779ರಲ್ಲಿ ಮದಕರಿನಾಯಕನ ಸೋಲಿನೊಡನೆ ಹೈದರನ ಕೈಸೇರಿದ್ದವು. ಒಂದು ಮಲೆನಾಡಿನ ಸೆರಗು, ಇನ್ನೊಂದು ಬಯಲುಸೀಮೆಯ ಬಂಡೆ. ನಡುವೆ ನಮ್ಮ ನೆಲ. ಆಗ ದಾವಣಗೆರೆ ಹೇಳಿಕೊಳ್ಳುವಂಥ ಊರಲ್ಲ. ಹೈದರ್ ಅದನ್ನು ಅಪ್ಪೋಜಿರಾಮನೆಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟ, ಆತ ವರ್ತಕರನ್ನು ಕರೆದು ಕೂರಿಸಿದ, ಪೇಟೆ ಬೆಳೆಯಿತು. ವಂಶವಿಲ್ಲದೆ ಅವನು ತೀರಿಕೊಂಡರೂ ಟಿಪ್ಪು ಆ ಪೇಟೆಯನ್ನು ಕೈಬಿಡಲಿಲ್ಲ. ಅತ್ತ ನಕ್ಷತ್ರದ ಪೇಟೆ, ಇತ್ತ ದವಸದ ಪೇಟೆ, ಒಂದೇ ಆಳ್ವಿಕೆಯಲ್ಲಿ ಕಣ್ಣುಬಿಟ್ಟವು.

1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೈಲಿಯ ಮದ್ದಿನ ಬಂಡಿಗಳು ಸಿಡಿದವು. ಬಾಣವೇ ಅದಕ್ಕೆ ಕಿಡಿಯಿಟ್ಟಿತೆಂದು ಬಹಳ ಮಂದಿ ನಂಬಿದರು. ಆ ಗೆಲುವನ್ನು ಇಂದಿಗೂ ದರಿಯಾ ದೌಲತ್ ಬಾಗಿನ ಗೋಡೆಯ ಚಿತ್ರದಲ್ಲಿ ನೋಡಬಹುದು. ಧೋಂಡಿಯ ಸತ್ತದ್ದು ಅದಾಗಿ ಇಪ್ಪತ್ತು ವರ್ಷದ ಅದೇ ದಿನ. ಹೈದರನ ಕಾಲಕ್ಕೆ ಸಾವಿರದಿನ್ನೂರಿದ್ದ ಬಾಣಗಾರರ ಪಡೆ ಟಿಪ್ಪುವಿನ ಕೈಯಲ್ಲಿ ಐದು ಸಾವಿರಕ್ಕೇರಿತು. ಆದರೆ 1799ರ ಮೇ 2ರಂದು ಕೋಟೆಯೊಳಗಿನ ಮದ್ದಿನಮನೆಗೆ ಗುಂಡು ತಾಗಿ, ಕೂಡಿಟ್ಟ ಬಾಣಗಳೇ ಬೆಂಕಿಯ ಕಂಬವಾಗಿ ಎದ್ದವು. ಎರಡು ದಿನಕ್ಕೆ ಪಟ್ಟಣ ಬಿತ್ತು, ಸುಲ್ತಾನ ಮಡಿದ. ಗೆದ್ದವರು ಲೆಕ್ಕ ಹಾಕಿದಾಗ ಸಿಕ್ಕಿದ್ದು ಬಾಣ ಹಾರಿಸುವ ಆರುನೂರು ಸಾಧನ, ಏಳುನೂರು ಸಿದ್ಧ ಬಾಣ, ಮದ್ದು ತುಂಬದೆ ಉಳಿದ ಒಂಬತ್ತು ಸಾವಿರ ಬರಿಕೊಳವೆ. ಆ ಒಂಬತ್ತು ಸಾವಿರವನ್ನು ಓದುವಾಗ ನನ್ನ ಮನಸ್ಸು ಕುಲುಮೆಯ ಮುಂದೆ ಕೂತ ಕಮ್ಮಾರನ ಕೈಗೆ ಹೋಗುತ್ತದೆ. ಒಂದೊಂದನ್ನೂ ಮನುಷ್ಯನೇ ಬಡಿದು ಸುತ್ತಿದ್ದು. ಅವರಲ್ಲಿ ಒಬ್ಬರ ಹೆಸರೂ ನಮಗೆ ಉಳಿದು ಬಂದಿಲ್ಲ.

ಬಾಣಗಳು ಹಡಗು ಹತ್ತಿ ಇಂಗ್ಲೆಂಡಿಗೆ ಹೋದವು. ವುಲ್ವಿಚ್‌ನಲ್ಲಿ ವಿಲಿಯಂ ಕಾಂಗ್ರೀವ್ ಅದೇ ಹಾದಿಯಲ್ಲಿ ಹೊಸ ಬಾಣ ಮಾಡಿದ. 1806ರಲ್ಲಿ ಬುಲೋನ್, 1807ರಲ್ಲಿ ಕೋಪನ್‌ಹೇಗನ್ ಅದರ ಬೆಂಕಿ ಕಂಡವು. 1814ರಲ್ಲಿ ಅಮೆರಿಕದ ಮೆಕ್‌ಹೆನ್ರಿ ಕೋಟೆಯ ಮೇಲೂ ಅದು ಸುರಿಯಿತು. ಕುಲುಮೆಯಲ್ಲಿ ಹುಟ್ಟಿದ ವಿದ್ಯೆ ಅಲ್ಲಿ ಅಳತೆ, ಗಣಿತ, ಕಾರ್ಖಾನೆಗಳ ಕೈಗೆ ಬಿತ್ತು. ನಮ್ಮಲ್ಲಿ ಆ ಪೇಟೆಗಳು ಚೆದುರಿಹೋದವು. ಕೈಕಸುಬು ತಲೆಮಾರಿನಿಂದ ತಲೆಮಾರಿಗೆ ಹರಿಯುವುದು ಒಮ್ಮೆ ನಿಂತರೆ ಅದನ್ನು ಮತ್ತೆ ಎತ್ತಿ ನಿಲ್ಲಿಸುವುದಕ್ಕೆ ಶತಮಾನಗಳೇ ಬೇಕು. ಈ ನಷ್ಟವನ್ನು ಅಳೆದು ತೂಗಿ ಬರೆದವರು ಬೆಂಗಳೂರಿನ ವಾಯುವಿಜ್ಞಾನಿ ರೊದ್ದಂ ನರಸಿಂಹ. ಮೈಸೂರಿನ ಬಾಣಗಳನ್ನು ಕುರಿತು 1985ರಲ್ಲಿ ಅವರು ಸಿದ್ಧಪಡಿಸಿದ ಅಧ್ಯಯನ ಇಂದಿಗೂ ಮೊದಲು ಓದಬೇಕಾದ್ದು. ಅಬ್ದುಲ್ ಕಲಾಂ ತರುಣರಾಗಿ ಅಮೆರಿಕದ ವಾಲಪ್ಸ್ ದ್ವೀಪದ ರಾಕೆಟ್ ನೆಲೆಗೆ ಹೋದಾಗ ಅಲ್ಲಿನ ಗೋಡೆಯ ಮೇಲೆ ಟಿಪ್ಪುವಿನ ಪಡೆ ಬಾಣ ಹಾರಿಸುವ ಚಿತ್ರ ಕಂಡು ಬೆರಗಾದದ್ದನ್ನು ತಮ್ಮ ಆತ್ಮಕಥೆಯಲ್ಲಿ ನೆನೆದಿದ್ದಾರೆ. ಊರಿನವರು ಮರೆತದ್ದನ್ನು ಹೊರಗಿನವರು ಗೋಡೆಗೆ ಬರೆದಿಟ್ಟಿದ್ದರು.

ಬಾಣಕ್ಕೆ ರೆಕ್ಕೆ ಕಟ್ಟುವ ಯೋಚನೆ ಇಪ್ಪತ್ತನೆಯ ಶತಮಾನದ್ದು. 1947ರ ಅಕ್ಟೋಬರ್ 14ರಂದು ಬೆಲ್ ಎಕ್ಸ್-1 ಎಂಬ ರಾಕೆಟ್ ವಿಮಾನ ದೊಡ್ಡ ಬಾಂಬರ್ ವಿಮಾನದ ಒಡಲಿಂದ ಜಾರಿ ಬಿದ್ದು, ಬೆಂಕಿ ಹೊತ್ತಿಸಿಕೊಂಡು, ಸದ್ದಿನ ವೇಗವನ್ನು ದಾಟಿತು. 1959ರಿಂದ 1968ರವರೆಗೆ ಎಕ್ಸ್-15 ವಿಮಾನಗಳು 199 ಸಲ ಹಾರಿ ಬಾಹ್ಯಾಕಾಶದ ಹೊಸ್ತಿಲು ಮುಟ್ಟಿ ಬಂದವು. 2004ರಲ್ಲಿ ಸರ್ಕಾರದ ಹಣವಿಲ್ಲದೆ ಕಟ್ಟಿದ ಸ್ಪೇಸ್‌ಶಿಪ್‌ಒನ್ ಎರಡು ವಾರದೊಳಗೆ ಎರಡು ಸಲ ಹೋಗಿ ಬಂದು ಒಂದು ಕೋಟಿ ಡಾಲರಿನ ಬಹುಮಾನ ಗೆದ್ದಿತು. ಆಕಾಶಯಾನ ವ್ಯಾಪಾರವಾದದ್ದು ಅಂದಿನಿಂದ ಎನ್ನಬಹುದು. ರೆಕ್ಕೆ ಯಾಕೆ ಬೇಕು? ಮೇಲೇರಲು ಬೇಡ, ಮರಳಿ ಬರಲು ಬೇಕು. ಸುಲ್ತಾನ್‌ಪೇಟೆಯ ಬಾಣ ಹೋದರೆ ಹೋಯಿತು. ಉಪಗ್ರಹ ಹೊತ್ತ ರಾಕೆಟ್ಟೂ ಬಹುಕಾಲ ಹಾಗೆಯೇ, ಒಂದು ಪಯಣಕ್ಕೆ ಒಂದು ವಾಹನವನ್ನೇ ಕಡಲಿಗೆ ಚೆಲ್ಲುತ್ತಿತ್ತು.

ಇತ್ತ ನಮ್ಮ ನಾಡಿನಲ್ಲಿ ಕಬ್ಬಿಣದ ವಿದ್ಯೆ ಮತ್ತೆ ಕಣ್ಣುಬಿಟ್ಟದ್ದು 1940ರ ಸುಮಾರಿಗೆ. 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆ ಹುಟ್ಟಿತು. 1941ರಲ್ಲಿ ಹರಿಹರದಲ್ಲಿ, ಸಂಸ್ಥಾನದ ಹೆಸರನ್ನೇ ಹೊತ್ತ ಮೈಸೂರು ಕಿರ್ಲೋಸ್ಕರ್ ಲೇತ್ ಕಾರ್ಖಾನೆ ನಿಂತಿತು. ಕೊಳವೆಯನ್ನು ಕೂದಲೆಳೆಯ ಅಳತೆಗೆ ಕಡೆಯುವ ಯಂತ್ರ ಲೇತ್. ಯಂತ್ರಗಳನ್ನು ಹೆರುವ ಯಂತ್ರ. ತಗಡು ಬಡಿದು ಸುತ್ತಿದ ಕೈಗಳಿಗೆ ಅಂದು ಸಿಗದೆ ಹೋದದ್ದು ಇದೇ. ಹರಿಹರದ ಕಾರ್ಮಿಕರು ಆ ಯಂತ್ರವನ್ನು ದೇಶದ ಕಾರ್ಖಾನೆ ಕಾರ್ಖಾನೆಗೆ ಕಳಿಸಿದರು. ಶತಮಾನ ಹೊರಳುವ ಹೊತ್ತಿಗೆ ಆ ಬಾಗಿಲೂ ಮುಚ್ಚಿತು. ಕಾರ್ಖಾನೆಯ ಸೈರನ್ನಿಗೆ ಎದ್ದು ಮಲಗುತ್ತಿದ್ದ ಊರು ಅದರ ನೋವನ್ನು ಇನ್ನೂ ಮರೆತಿಲ್ಲ.

1958ರ ಸೆಪ್ಟೆಂಬರ್ 28ರಂದು ಬೆಂಗಳೂರಿನ ಕಾರ್ಖಾನೆಯಿಂದ ಒಂದು ಪುಟ್ಟ ವಿಮಾನ ಹಾರಿತು. ಅದಕ್ಕಿಟ್ಟ ಹೆಸರು ಪುಷ್ಪಕ. ಎಷ್ಟೋ ಹರೆಯದವರು ಹಾರಲು ಕಲಿತದ್ದು ಅದರಲ್ಲಿ. 1975ರಲ್ಲಿ ಉಡುಪಿ ಸೀಮೆಯ ಯು. ಆರ್. ರಾವ್ ಪೀಣ್ಯದ ಶೆಡ್ಡುಗಳಲ್ಲಿ ಆರ್ಯಭಟವನ್ನು ಕಟ್ಟಿದರು. 1992ರಲ್ಲಿ ಆಂಟ್ರಿಕ್ಸ್ ಎಂಬ ವ್ಯಾಪಾರದ ಕೈ ಬೆಂಗಳೂರಿನಲ್ಲಿ ಶುರುವಾಯಿತು. 1999ರ ಮೇ 26ರಂದು ಶ್ರೀಹರಿಕೋಟದಿಂದ ಎದ್ದ ಪಿಎಸ್ಎಲ್‌ವಿ ನಮ್ಮ ಉಪಗ್ರಹದ ಜೊತೆಗೆ ಕೊರಿಯಾ, ಜರ್ಮನಿಗಳ ಉಪಗ್ರಹಗಳನ್ನೂ ಹೊತ್ತು ಏರಿತು. ಹೊರದೇಶದ ಸರಕು ಹೊತ್ತ ಭಾರತದ ಮೊದಲ ರಾಕೆಟ್ ಅದು. ಶ್ರೀರಂಗಪಟ್ಟಣ ಬಿದ್ದು ಇನ್ನೂರು ವರ್ಷ ತುಂಬಿದ ಮೇ ತಿಂಗಳು ಅದು ಎಂಬುದನ್ನು ಅಂದು ಎಷ್ಟು ಮಂದಿ ಎಣಿಸಿದರೋ.

ಇನ್ನು ಚಿತ್ರದುರ್ಗದ ಆ ಬಯಲಿನ ಮಾತು. ಚಳ್ಳಕೆರೆಯ ಕಾವಲುಗಳು ಬರಿಯ ಹುಲ್ಲುಗಾವಲಲ್ಲ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಟಿಪ್ಪುವಿನ ಬಾಯಲ್ಲಿ ಅಮೃತಮಹಲ್ ಆಯಿತು. ಆ ತಳಿಯ ಎತ್ತುಗಳು ಮೇಯಲೆಂದೇ ಕಾದಿಟ್ಟ ನೆಲ ಕಾವಲು. ಅವು ತೋಪು, ಮದ್ದು, ಬಾಣಗಳನ್ನು ಎಳೆದವು. ಚಿದಂಬರದ ನೆರವಿಗೆ ಹೈದರ್ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದದ್ದು ಆ ಎತ್ತುಗಳ ಕಸುವಿನಿಂದ. ಈ ಕಾವಲುಗಳಲ್ಲಿ ನಾಲ್ಕು ಸಾವಿರಕ್ಕೂ ಮಿಕ್ಕ ಎಕರೆ ರಕ್ಷಣಾ ಸಂಶೋಧನೆಯ ಪಾಲಾಗಿ, 2017ರ ಮೇ 28ರಂದು ಅಲ್ಲಿ ವೈಮಾನಿಕ ಪರೀಕ್ಷಾ ವಲಯ ಉದ್ಘಾಟನೆಯಾಯಿತು. ಕುರಿ ಮೇಯಿಸಿ, ಕಂಬಳಿ ನೇಯ್ದು ಬದುಕುವ ಹಳ್ಳಿಗಳವರು ಗೋಡೆ ಏಳುವುದನ್ನು ಕಂಡು ಬೀದಿಗಿಳಿದರು, ಹಸಿರು ನ್ಯಾಯಮಂಡಳಿಯವರೆಗೂ ಹೋದರು. ಅವರ ಮೇವಿನ ನೆಲ ಹೋದದ್ದು ನಿಜ. ಆಕಾಶದ ಗೆಲುವನ್ನು ಬರೆಯುವವರು ಆ ಗೋಡೆಯ ಹೊರಗೆ ನಿಂತ ಕುರಿಮಂದೆಯನ್ನು ಬಿಟ್ಟು ಬರೆಯಬಾರದು ಎಂದೇ ನನ್ನ ನಂಬಿಕೆ.

ಇಸ್ರೋದ ರೆಕ್ಕೆಯ ರಾಕೆಟ್ ಮೊದಲು ಹಾರಿದ್ದು 2016ರ ಮೇ 23ರಂದು. ಆರೂವರೆ ಮೀಟರು ಉದ್ದ, ಒಂದೂಮುಕ್ಕಾಲು ಟನ್ ತೂಕ. ಶ್ರೀಹರಿಕೋಟದಿಂದ 65 ಕಿಲೋಮೀಟರು ಎತ್ತರಕ್ಕೇರಿ, ಸದ್ದಿನ ಐದು ಪಟ್ಟು ವೇಗದಲ್ಲಿ ಮರಳಿ ಬಂಗಾಳ ಕೊಲ್ಲಿಗೆ ಇಳಿಯಿತು. ಕಡಲಿಗೇನೋ ಇಳಿಯಿತು, ನೆಲಕ್ಕೆ, ರನ್‌ವೇಯ ಮೇಲೆ, ಸಾರಥಿಯಿಲ್ಲದೆ ತಾನಾಗಿ ಇಳಿಯಬೇಕಲ್ಲ? ಅದಕ್ಕೆ ಆರಿಸಿದ ನೆಲ ಈ ಕಾವಲು.

2023ರ ಏಪ್ರಿಲ್ 2. ಬೆಳಗಿನ ಏಳು ಗಂಟೆ ಹತ್ತು ನಿಮಿಷಕ್ಕೆ ವಾಯುಪಡೆಯ ಚಿನೂಕ್ ಹೆಲಿಕಾಪ್ಟರು ಆ ವಿಮಾನವನ್ನು ಹೊಟ್ಟೆಯ ಕೆಳಗೆ ತೂಗುಹಾಕಿಕೊಂಡು ಮೇಲೆದ್ದಿತು. ನಾಲ್ಕೂವರೆ ಕಿಲೋಮೀಟರು ಎತ್ತರದಲ್ಲಿ ಅದನ್ನು ಬಿಟ್ಟುಕೊಟ್ಟಿತು. ಏಳು ನಲವತ್ತಕ್ಕೆ ಚಕ್ರಗಳು ನೆಲ ಮುಟ್ಟಿದವು. ಮಾರನೆಯ ವರ್ಷ ಅದಕ್ಕೆ ಪುಷ್ಪಕವೆಂದು ಹೆಸರಾಯಿತು, ಅಜ್ಜನ ಹೆಸರು ಮೊಮ್ಮಗನಿಗೆ ಇಟ್ಟಂತೆ. 2024ರ ಮಾರ್ಚ್ 22ರಂದು ರನ್‌ವೇಯ ನೇರಕ್ಕೆ ಬಿಡದೆ 150 ಮೀಟರು ಬದಿಗೆ ಬಿಟ್ಟರು. ತಾನೇ ತಿದ್ದಿಕೊಂಡು ಬಂತು. ಜೂನ್ 23ರಂದು 500 ಮೀಟರು ಬದಿಗೆ, ಜೋರು ಗಾಳಿಯಲ್ಲಿ ಬಿಟ್ಟರು. ಮೊಟಕು ರೆಕ್ಕೆಯ ಆ ವಾಹನಕ್ಕೆ ತೇಲುವ ಬಲ ಕಮ್ಮಿ, ಹಾಗಾಗಿ ವೇಗವೇ ಅದಕ್ಕೆ ಆಸರೆ: ಪ್ರಯಾಣಿಕ ವಿಮಾನ ಗಂಟೆಗೆ 260 ಕಿಲೋಮೀಟರಿನಲ್ಲಿ ಇಳಿದರೆ ಇದು 320ಕ್ಕೂ ಮೀರಿ ಬಂದಿಳಿಯುತ್ತದೆ. ಬಾಲದ ಧುಮುಕುಕೊಡೆ ಬಿಚ್ಚಿ ವೇಗ ನೂರಕ್ಕೆ ಇಳಿಯಿತು. ಆಮೇಲೆ ಚಕ್ರದ ಬಿರಿ, ಮೂಗಿನ ಚಕ್ರದ ತಿರುವು. ರನ್‌ವೇಯ ನಡುಗೆರೆಯ ಮೇಲೆಯೇ ನಿಂತಿತು.

ಈ ಎರಡು ಕಾಲಗಳ ನಡುವಿನ ಕೊಂಡಿ 2018ರ ಜುಲೈನಲ್ಲಿ ಸಿಕ್ಕಿತು. ಹಿಂದಿನ ಬಿದನೂರಾದ ಹೊಸನಗರ ತಾಲ್ಲೂಕಿನ ನಗರದಲ್ಲಿ ಒಂದು ಪಾಳುಬಾವಿ. ಅದರ ಮಣ್ಣಿನಲ್ಲಿ ಮದ್ದಿನ ವಾಸನೆ ಬರುತ್ತಿತ್ತು. ಪುರಾತತ್ತ್ವ ಇಲಾಖೆಯವರು ಮೂರು ದಿನ ಅಗೆದರು. ತುಕ್ಕು ಹಿಡಿದ ಸಾವಿರಕ್ಕೂ ಹೆಚ್ಚು ಬಾಣಗಳು ಕೆಸರಿನಿಂದ ಎದ್ದು ಬಂದವು. ಹಾರಲೆಂದು ಕಟ್ಟಿ, ಹಾರದೆ ಉಳಿದವು. ಈಗ ಅವು ಶಿವಮೊಗ್ಗದಲ್ಲಿವೆ. ಆರು ವರ್ಷದ ಮೇಲೆ ಜೂನ್ 23ರ ಆ ಬೆಳಿಗ್ಗೆ ಕಾವಲಿನಲ್ಲಿ ಇಳಿದ ಪುಷ್ಪಕದ ಮೈ, ರೆಕ್ಕೆ, ಒಳಗಿನ ಹಾರಾಟದ ಸಾಧನಗಳು ಹೊಸವಲ್ಲ. ಮೂರು ತಿಂಗಳ ಹಿಂದೆ, ಮಾರ್ಚಿನಲ್ಲಿ ಅದೇ ನೆಲದ ಮೇಲೆ ಇಳಿದಿದ್ದವೇ ಅವು.