ಹಾಡಿನೊಳಗೆ ಅಡಗಿದ ಕೊಲೆಗಾರ

ಸಂಗೀತ ನಾಟಕಕ್ಕೂ ಪತ್ತೇದಾರಿ ಕಥೆಗೂ ಸುಲಭವಾಗಿ ಹೊಂದಿಕೆಯಾಗುವುದಿಲ್ಲ. ರಂಗದ ಮೇಲೆ ಪಾತ್ರವೊಂದು ಹಾಡಲು ನಿಂತಿತೆಂದರೆ ಅದರ ಮನಸ್ಸಿನಲ್ಲಿರುವುದೆಲ್ಲ ಹೊರಗೆ ಬರಬೇಕು. ಪ್ರೇಕ್ಷಕ ಅದಕ್ಕೆಂದೇ ಕಿವಿಗೊಟ್ಟು ಕೂತಿರುತ್ತಾನೆ. ಪತ್ತೇದಾರಿ ಕಥೆಯಲ್ಲಾದರೋ ಪ್ರತಿಯೊಬ್ಬರೂ ಕೊನೆಯವರೆಗೆ ಏನನ್ನಾದರೂ ಬಚ್ಚಿಡುತ್ತಲೇ ಇರಬೇಕು. ಕೊಲೆ ಮಾಡಿದವನಿಗೆ ಒಂದು ಒಳ್ಳೆಯ ಹಾಡು ಕೊಟ್ಟರೆ ಅವನ ಗುಟ್ಟು ಬಯಲಾಗುತ್ತದೆ. ಕೊಡದೇ ಹೋದರೆ, ಇಷ್ಟು ಮುಖ್ಯ ಪಾತ್ರಕ್ಕೆ ಹಾಡೇಕಿಲ್ಲ ಎಂದು ಪ್ರೇಕ್ಷಕ ಅವನನ್ನೇ ಅನುಮಾನಿಸುತ್ತಾನೆ. ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿ ದಶಕಗಳಿಂದ ಈ ತೊಡಕಿನ ಜೊತೆ ಸೆಣಸುತ್ತಲೇ ಬಂದಿದೆ. ಎರಡೂ ಕಸುಬು ಬಲ್ಲ ಬರಹಗಾರರಿಗೆ ಅಲ್ಲಿ ಕೊರತೆಯಿರಲಿಲ್ಲ. ಒಂದರ ಬಲದಿಂದಲೇ ಇನ್ನೊಂದನ್ನು ಕಟ್ಟಿದವರು ಮಾತ್ರ ವಿರಳ. ಅವರಲ್ಲಿ ರೂಪರ್ಟ್ ಹೋಮ್ಸ್ ಅವರಿಗೇ ಮೊದಲ ಸ್ಥಾನ ಎಂಬುದು ನನ್ನ ಖಚಿತ ಅಭಿಪ್ರಾಯ.

ಕಥೆಯ ಬೇರು ಇರುವುದು ಇಂಗ್ಲೆಂಡಿನಲ್ಲಿ. ಅದರ ಒಂದು ಎಳೆ ನಮ್ಮ ಶ್ರೀರಂಗಪಟ್ಟಣಕ್ಕೂ ಬಂದು ಮುಟ್ಟುತ್ತದೆ. ವಿಲ್ಕಿ ಕಾಲಿನ್ಸ್ 1868ರಲ್ಲಿ ಬರೆದ ‘ದಿ ಮೂನ್‌ಸ್ಟೋನ್’ ಕಾದಂಬರಿ ಶುರುವಾಗುವುದೇ 1799ರ ಶ್ರೀರಂಗಪಟ್ಟಣದ ಮುತ್ತಿಗೆಯಿಂದ. ಟಿಪ್ಪುವಿನ ಕಠಾರಿಯ ಹಿಡಿಯಲ್ಲಿದ್ದ ವಜ್ರವನ್ನು ಒಬ್ಬ ಇಂಗ್ಲಿಷ್ ಅಧಿಕಾರಿ ಲಪಟಾಯಿಸುತ್ತಾನೆ. ಇಂಗ್ಲಿಷಿನ ಪತ್ತೇದಾರಿ ಕಾದಂಬರಿಗೆ ಅಡಿಪಾಯ ಹಾಕಿದ ಈ ಕೃತಿ ಧಾರಾವಾಹಿಯಾಗಿ ಬಂದದ್ದು ಚಾರ್ಲ್ಸ್ ಡಿಕನ್ಸ್ ಅವರ ವಾರಪತ್ರಿಕೆಯಲ್ಲಿ. ಎರಡೇ ವರ್ಷಗಳಲ್ಲಿ ಡಿಕನ್ಸ್ ತಾವೇ ‘ದಿ ಮಿಸ್ಟರಿ ಆಫ್ ಎಡ್ವಿನ್ ಡ್ರೂಡ್’ ಶುರು ಮಾಡಿದರು. ಹನ್ನೆರಡು ಮಾಸಿಕ ಕಂತುಗಳ ಯೋಜನೆ ಅದು. ಆರು ಕಂತಿನಷ್ಟು ಬರೆದಿದ್ದಾಗ, 1870ರ ಜೂನ್ 9ರಂದು ಅವರು ತೀರಿಕೊಂಡರು. ಕಥೆಯ ನಡುವೆ ಎಡ್ವಿನ್ ಡ್ರೂಡ್ ಎಂಬ ಯುವಕ ಕಣ್ಮರೆಯಾಗುತ್ತಾನೆ. ಓದುಗರ ಅನುಮಾನ ತಿರುಗುವುದು ಅವನ ಸೋದರಮಾವ ಜಾನ್ ಜಾಸ್ಪರ್ ಕಡೆಗೆ. ಈತ ಚರ್ಚಿನ ಗಾಯನ ಮೇಳದ ಗುರು, ಗುಟ್ಟಾಗಿ ಅಫೀಮು ಸೇದುವವನು, ಸೋದರಳಿಯನಿಗೆ ಗೊತ್ತಾದ ಹುಡುಗಿ ರೋಸಾ ಮೇಲೆ ಕಣ್ಣಿಟ್ಟವನು. ಕೊಂದದ್ದು ಅವನೇ ಹೌದೋ ಅಲ್ಲವೋ, ಕೊಲೆಯಾದರೂ ನಡೆದಿದೆಯೋ ಇಲ್ಲವೋ ಎಂಬುದನ್ನು ಡಿಕನ್ಸ್ ಬರೆದಿಡಲಿಲ್ಲ. ಜಾಸ್ಪರ್ ಸಂಗೀತಗಾರ ಎಂಬುದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಎಲ್ಲವೂ ಅದರ ಮೇಲೆಯೇ ನಿಲ್ಲುತ್ತದೆ.

ಬ್ರಾಡ್‌ವೇಗೆ ಬಂದರೆ, ಮೊದಲ ದೊಡ್ಡ ಗೆಲುವು 1959ರ ‘ರೆಡ್‌ಹೆಡ್’. ಲಂಡನ್ನಿನ ಮೇಣದ ಗೊಂಬೆಗಳ ಪ್ರದರ್ಶನಾಲಯ, ಕತ್ತು ಹಿಸುಕಿ ಕೊಲ್ಲುವ ಹಂತಕ, ನಾಯಕಿಯಾಗಿ ಗ್ವೆನ್ ವರ್ಡನ್, ನಿರ್ದೇಶಕರಾಗಿ ಮೊದಲ ಹೆಜ್ಜೆ ಇಟ್ಟ ಬಾಬ್ ಫಾಸಿ. ಆ ವರ್ಷದ ಅತ್ಯುತ್ತಮ ಸಂಗೀತ ನಾಟಕಕ್ಕೆ ಸಲ್ಲುವ ಟೋನಿ ಪ್ರಶಸ್ತಿ ಅದಕ್ಕೇ ಬಂತು. ಅದರ ಕಥಾಭಾಗ ಬರೆದ ನಾಲ್ವರಲ್ಲಿ ಒಬ್ಬರ ಹೆಸರು ಸಿಡ್ನಿ ಶೆಲ್ಡನ್. ನಮ್ಮ ಹಳೇ ಪುಸ್ತಕದಂಗಡಿಗಳಲ್ಲಿ ಇಂದಿಗೂ ಕೈಗೆ ಸಿಗುವ ಆ ದಪ್ಪ ದಪ್ಪ ಥ್ರಿಲ್ಲರುಗಳ ಶೆಲ್ಡನ್ನೇ. ಇಪ್ಪತ್ತರ ಹರೆಯದಲ್ಲೇ ಬ್ರಾಡ್‌ವೇ ಸಂಗೀತ ನಾಟಕಗಳಿಗೆ ಕೈಹಚ್ಚಿದ್ದ ಅವರು ಮೊದಲ ಕಾದಂಬರಿ ‘ದಿ ನೇಕೆಡ್ ಫೇಸ್’ ಪ್ರಕಟಿಸಿದ್ದು 1970ರಲ್ಲಿ. ಅಷ್ಟರಲ್ಲಿ ಹಾಡಿನ ಲೋಕವನ್ನು ಹಿಂದೆ ಬಿಟ್ಟಾಗಿತ್ತು.

ಐರಾ ಲೆವಿನ್ ಅವರದೂ ಇದೇ ಬಗೆ. 1953ರಲ್ಲಿ ‘ಎ ಕಿಸ್ ಬಿಫೋರ್ ಡೈಯಿಂಗ್’ ಬರೆದು ಪತ್ತೇದಾರಿ ಸಾಹಿತ್ಯದ ದೊಡ್ಡ ಗೌರವವಾದ ಎಡ್ಗರ್ ಪ್ರಶಸ್ತಿ ಪಡೆದ ಲೆವಿನ್, 1965ರಲ್ಲಿ ‘ಡ್ರ್ಯಾಟ್! ದಿ ಕ್ಯಾಟ್!’ ಎಂಬ ಕಳ್ಳ-ಪೊಲೀಸ್ ಸಂಗೀತ ನಾಟಕಕ್ಕೆ ಕಥೆಯನ್ನೂ ಹಾಡುಗಳನ್ನೂ ಬರೆದರು. ಎಂಟು ಪ್ರದರ್ಶನಗಳಿಗೆ ಅದು ನಿಂತುಹೋಯಿತು. ಅದರ ಒಂದು ಹಾಡು ಬಾರ್ಬ್ರಾ ಸ್ಟ್ರೈಸಂಡ್ ದನಿಯಲ್ಲಿ ಉಳಿದುಕೊಂಡಿತು, ಅಷ್ಟೇ. ಲೆವಿನ್ 1978ರಲ್ಲಿ ‘ಡೆತ್‌ಟ್ರ್ಯಾಪ್’ ಎಂಬ ಅದ್ಭುತ ರಹಸ್ಯ ನಾಟಕ ಕೊಟ್ಟರು. ಅದು 1,793 ಪ್ರದರ್ಶನ ಕಂಡಿತು. ಅದರಲ್ಲಿ ಹಾಡಿಗೆ ಜಾಗವಿರಲಿಲ್ಲ.

ಸ್ಟೀಫನ್ ಸಾಂಡ್‌ಹೈಮ್ ಅವರ ವಿಷಯ ಇನ್ನೂ ಸೋಜಿಗದ್ದು. ಒಗಟು, ಪದಬಂಧಗಳೆಂದರೆ ಅವರಿಗೆ ಪ್ರಾಣ. ‘ನ್ಯೂಯಾರ್ಕ್’ ಪತ್ರಿಕೆಗೆ ಪದಬಂಧ ರಚಿಸಿ ಕೊಡುತ್ತಿದ್ದರು. ನಟ ಆಂಥನಿ ಪರ್ಕಿನ್ಸ್ ಜೊತೆಗೂಡಿ ಅವರು ಬರೆದ 1973ರ ಚಿತ್ರ ‘ದಿ ಲಾಸ್ಟ್ ಆಫ್ ಶೀಲಾ’ ಶುದ್ಧ ಪತ್ತೇದಾರಿ, ಹಾಡಿನ ಗೊಡವೆಯಿಲ್ಲದ್ದು. 1979ರ ‘ಸ್ವೀನಿ ಟಾಡ್’ ರಕ್ತದಲ್ಲಿ ಅದ್ದಿ ತೆಗೆದಂಥ ಸಂಗೀತ ನಾಟಕವಾದರೂ ಅಲ್ಲಿ ಕೊಲೆಗಾರ ಯಾರೆಂಬುದು ನಮಗೆ ಮೊದಲೇ ಗೊತ್ತು. ಕೊಲೆಯನ್ನು ಸಾಂಡ್‌ಹೈಮ್ ಹಾಡಿಸಿದರು. ಕೊಲೆಗಾರ ಯಾರೆಂಬ ಗುಟ್ಟನ್ನು ಹಾಡಿಸಲು ಅವರೂ ಹೋಗಲಿಲ್ಲ.

ರೂಪರ್ಟ್ ಹೋಮ್ಸ್ ಹುಟ್ಟಿದ್ದು 1947ರಲ್ಲಿ, ಇಂಗ್ಲೆಂಡಿನ ನಾರ್ತ್‌ವಿಚ್‌ನಲ್ಲಿ. ತಂದೆ ಅಮೆರಿಕದ ಸೇನೆಯ ವಾದ್ಯಮೇಳದವರು, ತಾಯಿ ಇಂಗ್ಲೆಂಡಿನವರು. ಬೆಳೆದದ್ದು ನ್ಯೂಯಾರ್ಕ್ ಬಳಿಯ ನ್ಯಾನ್ಯುಎಟ್‌ನಲ್ಲಿ, ಕಲಿತದ್ದು ಮ್ಯಾನ್‌ಹಟನ್ ಸ್ಕೂಲ್ ಆಫ್ ಮ್ಯೂಸಿಕ್‌ನಲ್ಲಿ. ಹೊಟ್ಟೆಪಾಡಿಗೆ ಹಿಡಿದದ್ದು ಪಾಪ್ ಹಾಡುಗಳ ರಚನೆ. ಅವರ ಕಾದಂಬರಿಗಳನ್ನು ಮೆಚ್ಚುವವರಲ್ಲಿ ಹಲವರು ಈ ಘಟ್ಟವನ್ನು ಹಗುರವಾಗಿ ಕಾಣುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಅವರ ಕಸುಬಿನ ತಾಲೀಮು ನಡೆದದ್ದೇ ಅಲ್ಲಿ.

‘ದಿ ಬಾಯ್ಸ್’ ಎಂಬ ತಂಡಕ್ಕಾಗಿ ಅವರು ಬರೆದ ‘ಟಿಮಥಿ’ ಹಾಡನ್ನೇ ನೋಡಿ. ಗಣಿ ಕುಸಿದು ಮೂವರು ಒಳಗೆ ಸಿಕ್ಕಿಕೊಳ್ಳುತ್ತಾರೆ. ರಕ್ಷಣೆಗೆ ಬಂದವರಿಗೆ ಇಬ್ಬರು ಮಾತ್ರ ಸಿಗುತ್ತಾರೆ. ಮೂರನೆಯವನಾದ ಟಿಮಥಿಯ ಸುಳಿವಿಲ್ಲ. ಹಾಡುವವನಿಗೆ ಒಳಗೆ ನಡೆದದ್ದು ನೆನಪಿಲ್ಲ, ಆದರೆ ಹೊಟ್ಟೆ ತುಂಬಿದೆ. ಏನಾಯಿತೆಂದು ಹಾಡು ಎಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ. ಕೇಳುವವನೇ ಲೆಕ್ಕ ಹಾಕಿ ಬೆಚ್ಚಬೇಕು. ಧ್ವನಿಮುದ್ರಿಕೆಯ ಕಂಪನಿ ಪ್ರಚಾರಕ್ಕೆ ದುಡ್ಡು ಹಾಕುವುದಿಲ್ಲವೆಂದು ಗೊತ್ತಾದಾಗ, ರೇಡಿಯೊದವರು ನಿಷೇಧಿಸಿದರೆ ಅದೇ ಪ್ರಚಾರವಾದೀತೆಂದು ಹೋಮ್ಸ್ ಬೇಕೆಂದೇ ಇಂಥ ವಸ್ತು ಆರಿಸಿಕೊಂಡಿದ್ದರು. ಕೆಲವು ಕೇಂದ್ರಗಳು ನಿಷೇಧಿಸಿದವು ಕೂಡ. 1971ರಲ್ಲಿ ಹಾಡು ಅಮೆರಿಕದ ಪಟ್ಟಿಯಲ್ಲಿ 17ನೇ ಸ್ಥಾನಕ್ಕೇರಿತು. 1979ರ ಕೊನೆಯಲ್ಲಿ ಅವರೇ ಹಾಡಿ ಮೊದಲ ಸ್ಥಾನಕ್ಕೆ ಒಯ್ದ ‘ಎಸ್ಕೇಪ್’ ಕಟ್ಟಿದ್ದೂ ಇದೇ ಹದದಲ್ಲಿ. ಸಂಗಾತಿಯ ಬಗ್ಗೆ ಬೇಸತ್ತವನೊಬ್ಬ ಪತ್ರಿಕೆಯ ಜಾಹೀರಾತು ನೋಡಿ ಗುಟ್ಟಾಗಿ ಉತ್ತರ ಬರೆಯುತ್ತಾನೆ. ಗೊತ್ತುಮಾಡಿದ ಜಾಗಕ್ಕೆ ಬಂದವಳು ಅವನ ಸಂಗಾತಿಯೇ. ನಾಲ್ಕೈದು ನಿಮಿಷಗಳಲ್ಲಿ ಸುಳಿವು, ತಪ್ಪು ದಾರಿ, ಕೊನೆಗೊಂದು ತಿರುವು. ಸಣ್ಣ ಪತ್ತೇದಾರಿ ಕಥೆಗೆ ಬೇಕಾದ ಸಾಮಗ್ರಿಯೆಲ್ಲ ಅದರಲ್ಲಿದೆ.

1983ರಲ್ಲಿ ನ್ಯೂಯಾರ್ಕಿನ ಕ್ಲಬ್ಬೊಂದರಲ್ಲಿ ಹೋಮ್ಸ್ ಹಾಡಿದ್ದನ್ನು ಗೇಲ್ ಮೆರಿಫೀಲ್ಡ್ ಕೇಳಿದರು. ನ್ಯೂಯಾರ್ಕ್ ಶೇಕ್ಸ್‌ಪಿಯರ್ ಫೆಸ್ಟಿವಲ್‌ನಲ್ಲಿ ಹೊಸ ನಾಟಕಗಳ ಹೊಣೆ ಹೊತ್ತಿದ್ದವರು ಅವರು, ಅದರ ಸಂಸ್ಥಾಪಕ ಜೋಸೆಫ್ ಪ್ಯಾಪ್ ಅವರ ಪತ್ನಿ. ಹೀಗೆ ಕಥೆ ಹೇಳುವವರು ನಾಟಕವನ್ನೇ ಬರೆಯಬಾರದೇಕೆ ಎಂದು ಅವರಿಗೆ ಅನ್ನಿಸಿತು. ಹೋಮ್ಸ್ ಕೈಗೆತ್ತಿಕೊಂಡದ್ದು ಡಿಕನ್ಸ್ ಬಿಟ್ಟುಹೋದ ಕಾದಂಬರಿಯನ್ನು. ಕಥೆ, ಹಾಡು, ಸಂಗೀತ ಮೂರನ್ನೂ ಒಬ್ಬರೇ ಬರೆದರು. ವಾದ್ಯವೃಂದದ ಸಂಯೋಜನೆಯಲ್ಲೂ ಅವರದೇ ಕೈಯಿತ್ತು.

ಅವರ ಮೊದಲ ಉಪಾಯ ನಾಟಕಕ್ಕೊಂದು ಹೊರಚೌಕಟ್ಟು ಹಾಕಿದ್ದು. ನಮ್ಮ ಮುಂದೆ ನಡೆಯುವುದು ಡ್ರೂಡ್‌ನ ಕಥೆಯಲ್ಲ. ವಿಕ್ಟೋರಿಯಾ ಕಾಲದ ಮ್ಯೂಸಿಕ್ ಹಾಲ್ ತಂಡವೊಂದು ಆ ಕಥೆಯನ್ನು ಆಡಿ ತೋರಿಸುತ್ತಿದೆ. ನಮ್ಮ ಸೂತ್ರಧಾರನಂತೆ ಒಬ್ಬ ಚೇರ್‌ಮನ್ ನಟರನ್ನು ಪರಿಚಯಿಸುತ್ತ, ಪ್ರೇಕ್ಷಕರನ್ನು ಮಾತನಾಡಿಸುತ್ತ ನಾಟಕ ನಡೆಸುತ್ತಾನೆ. ಇಂಗ್ಲೆಂಡಿನ ಪ್ಯಾಂಟೊಮೈಮ್ ಪದ್ಧತಿಯಂತೆ ಯುವಕ ಡ್ರೂಡ್‌ನ ಪಾತ್ರ ಮಾಡುವುದು ಒಬ್ಬ ನಟಿ. ಈ ಹೊರಚೌಕಟ್ಟಿನಿಂದ ಹಾಡಿನ ತೊಡಕು ಅರ್ಧ ಕಳಚಿತು. ರಂಗದ ಮೇಲೆ ನಿಂತು ಎದೆ ತೆರೆಯುವುದು ಶಂಕಿತನಲ್ಲ, ಅವನ ವೇಷ ಹಾಕಿದ ನಟ. ನಟ ಎಷ್ಟು ತೆರೆದುಕೊಂಡರೂ ಪಾತ್ರದ ಗುಟ್ಟು ಗುಟ್ಟಾಗಿಯೇ ಇರುತ್ತದೆ.

ಎರಡನೆಯ ಉಪಾಯವನ್ನು ಹತ್ತಿರದಿಂದ ನೋಡಬೇಕು. ಜಾಸ್ಪರ್ ರೋಸಾಳ ಸಂಗೀತದ ಮೇಷ್ಟ್ರು. ಅವಳ ಹುಟ್ಟುಹಬ್ಬಕ್ಕೆ ತಾನೇ ರಚಿಸಿದ ‘ಮೂನ್‌ಫಾಲ್’ ಎಂಬ ಹಾಡನ್ನು ಉಡುಗೊರೆಯಾಗಿ ತಂದು, ಈಗಲೇ ಹಾಡು ಎನ್ನುತ್ತಾನೆ. ರಾಗ ಸುಂದರ, ಮಾತು ಬೆಳದಿಂಗಳದ್ದು. ಆದರೆ ಹಾಡುತ್ತ ಹೋದಂತೆ ಆ ಪದಗಳ ಅಡಿಯಲ್ಲಿರುವ ಕಾಮ ಅವಳಿಗೆ ಗೊತ್ತಾಗುತ್ತದೆ. ತನ್ನ ಮೇಲಿನ ಆಸೆಯನ್ನು ತನ್ನ ಬಾಯಿಂದಲೇ ಆಡಿಸುತ್ತಿದ್ದಾನೆಂದು ಅವಳು ನಡುಗುತ್ತಾಳೆ. ಪಾಠ ಹೇಳಿಸಿಕೊಳ್ಳುವ ಹುಡುಗಿ ನಿಲ್ಲಿಸುವಂತಿಲ್ಲ, ಮೇಷ್ಟ್ರು ಪಿಯಾನೊ ಬಿಡುವುದಿಲ್ಲ. ಇಲ್ಲಿ ಹಾಡು ಹಾಡುವವಳ ಮನಸ್ಸನ್ನು ಹೇಳುತ್ತಿಲ್ಲ, ಬರೆದವನ ಮನಸ್ಸನ್ನು ಹೇಳುತ್ತಿದೆ. ಸಂಗೀತ ನಾಟಕದ ಹಳೆಯ ನಿಯಮವನ್ನು ಹೋಮ್ಸ್ ಒಂದೇ ದೃಶ್ಯದಲ್ಲಿ ತಲೆಕೆಳಗು ಮಾಡಿದರು. ಇಡೀ ಪ್ರಕಾರದಲ್ಲಿ ಇದಕ್ಕಿಂತ ಒಳ್ಳೆಯ ಸುಳಿವಿನ ಹಾಡು ನನಗೆ ಕಂಡಿಲ್ಲ.

ಮೂರನೆಯದು ಲೋಕಪ್ರಸಿದ್ಧವಾದ ಮತದಾನ. ಎರಡನೆಯ ಅಂಕದ ನಡುವೆ ಆಟ ಥಟ್ಟನೆ ನಿಲ್ಲುತ್ತದೆ. ಡಿಕನ್ಸ್ ಇಲ್ಲಿಯೇ ಲೇಖನಿ ಕೆಳಗಿಟ್ಟರೆಂದು ಚೇರ್‌ಮನ್ ತಿಳಿಸುತ್ತಾನೆ. ಮುಂದಿನದನ್ನು ಪ್ರೇಕ್ಷಕರೇ ತೀರ್ಮಾನಿಸಬೇಕು: ವೇಷ ಮರೆಸಿಕೊಂಡು ಬಂದ ಪತ್ತೇದಾರ ಯಾರು, ಕೊಂದವರು ಯಾರು, ಕೊನೆಗೆ ಒಂದಾಗುವ ಜೋಡಿ ಯಾವುದು. ನಟರು ಸಭಾಂಗಣಕ್ಕಿಳಿದು ಮತ ಎಣಿಸುತ್ತಾರೆ. ಪ್ರತಿಯೊಬ್ಬ ಶಂಕಿತನಿಗೂ ತಪ್ಪೊಪ್ಪಿಗೆಯ ಹಾಡೊಂದು ಸಿದ್ಧವಿರಬೇಕು, ಕೊಲ್ಲಲು ನಂಬುವಂಥ ಕಾರಣವಿರಬೇಕು, ವಾದ್ಯದವರು ಯಾವ ಫಲಿತಾಂಶಕ್ಕೂ ಆ ಕ್ಷಣದಲ್ಲೇ ತಯಾರಿರಬೇಕು. ನಮ್ಮ ಕಂಪನಿ ನಾಟಕಗಳಲ್ಲಿ ‘ಒನ್ಸ್ ಮೋರ್’ ಕೂಗು ಬಿದ್ದರೆ ಸತ್ತ ಪಾತ್ರವೂ ಎದ್ದು ಹಾಡುತ್ತಿದ್ದ ಕಾಲವಿತ್ತು. ಕಥೆಯನ್ನು ಹಾಗೆ ಪ್ರೇಕ್ಷಕರ ಕೈಗೆ ಕೊಡುವ ಧೈರ್ಯ ಬ್ರಾಡ್‌ವೇ ಸಂಗೀತ ನಾಟಕಗಳಿಗೆ ಬಂದದ್ದು ಈ ನಾಟಕದಿಂದ. ಇದು ಬರೀ ಚಮತ್ಕಾರ ಎಂದವರಿದ್ದಾರೆ. ಯಾರಿಗೆ ಮತ ಬಿದ್ದರೂ ಆಧಾರ ಹಿಂದಿನ ಅಂಕದಲ್ಲೇ ಇರುವಂತೆ ನೋಡಿಕೊಳ್ಳುವುದು ಎಷ್ಟು ಕಷ್ಟವೆಂದು ಊಹಿಸಿದರೆ ಆ ಮಾತು ನಿಲ್ಲುವುದಿಲ್ಲ.

1985ರ ಬೇಸಿಗೆಯಲ್ಲಿ ಸೆಂಟ್ರಲ್ ಪಾರ್ಕಿನ ಬಯಲು ರಂಗಮಂದಿರದಲ್ಲಿ ಮೊದಲು ಆಡಿದ ನಾಟಕ ಅದೇ ಡಿಸೆಂಬರ್‌ನಲ್ಲಿ ಇಂಪೀರಿಯಲ್ ಥಿಯೇಟರ್‌ಗೆ ಬಂತು, 608 ಪ್ರದರ್ಶನ ನಡೆಯಿತು. 1986ರಲ್ಲಿ ಐದು ಟೋನಿ ಪ್ರಶಸ್ತಿ ಗೆದ್ದಿತು. ಅತ್ಯುತ್ತಮ ಸಂಗೀತ ನಾಟಕವಲ್ಲದೆ, ಕಥೆಗೂ ಹಾಡು-ಸಂಗೀತಕ್ಕೂ ಬಂದ ಎರಡು ಪ್ರಶಸ್ತಿಗಳು ಹೋಮ್ಸ್ ಒಬ್ಬರವೇ. ಎಡ್ಗರ್ ಪ್ರಶಸ್ತಿಯೂ ಸಂದಿತು. ಅದೇ ವರ್ಷ ಹತ್ತು ವರ್ಷದ ಮಗಳನ್ನು ಅವರು ಇದ್ದಕ್ಕಿದ್ದಂತೆ ಕಳೆದುಕೊಂಡರು. ನಾಟಕ ಮುಗಿಯುವಾಗ ಸತ್ತನೆಂದುಕೊಂಡ ಡ್ರೂಡ್ ಮರಳಿ ಬಂದು, ಬದುಕನ್ನು ಬಿಡದೆ ಹಿಡಿದುಕೊಳ್ಳಿ ಎಂದು ಹಾಡುತ್ತಾನೆ. ಅದನ್ನು ಬರೆದವರ ಮನೆಯಲ್ಲೇ ಅಂಥ ಸಾವಾಯಿತೆಂಬುದನ್ನು ತಿಳಿದ ಮೇಲೆ ಆ ಹಾಡನ್ನು ಮೊದಲಿನಂತೆ ಕೇಳಲು ನನಗಾಗಿಲ್ಲ.

ಆಮೇಲಿನ ವರ್ಷಗಳಲ್ಲಿ ಹೋಮ್ಸ್ ಹಾಡನ್ನು ಬದಿಗಿಟ್ಟು ಮಾತಿನ ರಹಸ್ಯ ನಾಟಕಗಳತ್ತ ಹೊರಳಿದರು. 1990ರ ‘ಅಕಾಂಪ್ಲಿಸ್’ ಬ್ರಾಡ್‌ವೇಯಲ್ಲಿ ಹೆಚ್ಚು ದಿನ ನಡೆಯಲಿಲ್ಲ, ಆದರೂ ಇನ್ನೊಂದು ಎಡ್ಗರ್ ತಂದಿತು. ಬಳಿಕ 1996ರಿಂದ 98ರವರೆಗೆ, ಹಳೆಯ ರೇಡಿಯೊ ಕೇಂದ್ರವೊಂದರ ಕಥೆಯಾದ ‘ರಿಮೆಂಬರ್ ವೆನ್’ ಟಿವಿ ಸರಣಿಯ ಬಹುತೇಕ ಕಂತುಗಳನ್ನು ಬರೆದರು. ಅಷ್ಟರಲ್ಲಿ ಬ್ರಾಡ್‌ವೇ ಇದೇ ಹಾದಿಯಲ್ಲಿ ಬೇರೆಯದೊಂದನ್ನು ಕಂಡಿತ್ತು. 1989ರ ‘ಸಿಟಿ ಆಫ್ ಏಂಜೆಲ್ಸ್’ ಪತ್ತೇದಾರಿ ಲೇಖಕನನ್ನೂ ಅವನು ಸೃಷ್ಟಿಸಿದ ಪತ್ತೇದಾರನನ್ನೂ ಅಕ್ಕಪಕ್ಕದಲ್ಲಿ ನಿಲ್ಲಿಸಿ ಹಾಡಿಸಿತು. ಜಾಣ ನಾಟಕ, ನಿಜ. ಆದರೆ ಅಲ್ಲಿ ಕೊಲೆಯ ಎಳೆ ಯಾರ ಮನಸ್ಸಿನಲ್ಲೂ ಉಳಿಯುವುದಿಲ್ಲ.

‘ಕರ್ಟನ್ಸ್’ ಎಂಬ ಸಂಗೀತ ನಾಟಕ ಹೋಮ್ಸ್ ಕೈಗೆ ಬಂದದ್ದು ಸಾವುಗಳಿಂದಲೇ. ಜಾನ್ ಕ್ಯಾಂಡರ್ ಮತ್ತು ಫ್ರೆಡ್ ಎಬ್ ಜೋಡಿಯ ಈ ನಾಟಕಕ್ಕೆ ಕಥೆ ಬರೆಯುತ್ತಿದ್ದ ಪೀಟರ್ ಸ್ಟೋನ್ 2003ರಲ್ಲಿ ತೀರಿಕೊಂಡರು, ಮರುವರ್ಷ ಎಬ್. ಅರ್ಧಕ್ಕೆ ನಿಂತ ಡಿಕನ್ಸ್ ಕೃತಿ ಮುಗಿಸಿದ್ದವರು ಇದನ್ನೂ ಮುಗಿಸಿದರು. 1959ರ ಬಾಸ್ಟನ್ನಿನಲ್ಲಿ, ಬ್ರಾಡ್‌ವೇಗೆ ಹೊರಟ ಕಳಪೆ ಸಂಗೀತ ನಾಟಕವೊಂದರ ನಾಯಕಿ ಮೊದಲ ರಾತ್ರಿಯೇ ಸಾಯುತ್ತಾಳೆ. ತನಿಖೆಗೆ ಬಂದ ಪೊಲೀಸ್ ಅಧಿಕಾರಿ ಚಿಯೋಫಿ ಸಂಗೀತ ನಾಟಕದ ಹುಚ್ಚು ಅಭಿಮಾನಿ. ಕೊಲೆಯ ಜೊತೆಗೆ, ಕೈಕೊಡುತ್ತಿರುವ ಒಂದು ಹಾಡನ್ನು ಸರಿಮಾಡುವುದೂ ಅವನ ತಲೆಯಲ್ಲಿ ಕೊರೆಯುತ್ತಿರುತ್ತದೆ. ಅದೇ ಹಾಡನ್ನು ತಂಡ ಮೂರು ಬೇರೆ ಬೇರೆ ರೀತಿಯಲ್ಲಿ ಮಾಡಿ ನೋಡುತ್ತದೆ, ಯಾವುದೂ ಹಿಡಿಸುವುದಿಲ್ಲ. ಕೊನೆಗೆ ಮೂರನ್ನೂ ಒಟ್ಟಿಗೆ ಹಾಡಿದಾಗ ಒಂದರೊಳಗೊಂದು ಕೂಡಿಕೊಳ್ಳುತ್ತವೆ. ಬಿಡಿಬಿಡಿಯಾಗಿ ಅರ್ಥವಾಗದ ಸುಳಿವುಗಳು ಒಟ್ಟಾದಾಗ ಹೊಳೆಯುವ ಪತ್ತೇದಾರಿ ತರ್ಕವೇ ಇಲ್ಲಿ ಸ್ವರವಾಗಿದೆ. 2007ರಲ್ಲಿ ರಂಗಕ್ಕೆ ಬಂದ ಇದು 511 ಪ್ರದರ್ಶನ ಕಂಡಿತು. ಚಿಯೋಫಿಯಾದ ಡೇವಿಡ್ ಹೈಡ್ ಪಿಯರ್ಸ್ ಅವರಿಗೆ ಟೋನಿ ಬಂತು. ‘ಡ್ರೂಡ್’ನ ಆಳ ಇದಕ್ಕಿಲ್ಲ. ಆದರೆ ರಂಗಭೂಮಿಯ ಜನರ ಮೇಲೆ ಇಷ್ಟು ಪ್ರೀತಿಯಿಟ್ಟು ಬರೆದ ಪತ್ತೇದಾರಿ ನಾಟಕ ಇನ್ನೊಂದಿಲ್ಲ.

ಕಾದಂಬರಿಗೆ ಹೋಮ್ಸ್ ಬಂದದ್ದು ಐವತ್ತು ದಾಟಿದ ಮೇಲೆ. 2003ರ ‘ವೇರ್ ದ ಟ್ರೂತ್ ಲೈಸ್’ನಲ್ಲಿ ಹೆಸರಾಂತ ಹಾಸ್ಯ ಜೋಡಿಯೊಂದರ ಹಿಂದಿರುವ ಯುವತಿಯ ಸಾವನ್ನು ಪತ್ರಕರ್ತೆಯೊಬ್ಬಳು ಕೆದಕುತ್ತಾಳೆ. ಎರಡೇ ವರ್ಷಗಳಲ್ಲಿ ಆಟಮ್ ಎಗೊಯನ್ ಅದನ್ನು ಸಿನಿಮಾ ಮಾಡಿದರು. ನನಗೆ ಹೆಚ್ಚು ಪ್ರಿಯವಾದದ್ದು 2005ರ ‘ಸ್ವಿಂಗ್’. ಕಾಲ 1940, ಜಾಗ ಸ್ಯಾನ್‌ಫ್ರಾನ್ಸಿಸ್ಕೊದ ಟ್ರೆಷರ್ ಐಲೆಂಡಿನಲ್ಲಿ ನಡೆಯುತ್ತಿದ್ದ ಮಹಾ ಪ್ರದರ್ಶನ, ಕಥೆ ಹೇಳುವವನು ಸ್ಯಾಕ್ಸೊಫೋನ್ ವಾದಕ. ಪುಸ್ತಕದ ಜೊತೆ ಒಂದು ಸಿಡಿ ಇತ್ತು, ಅದರ ಸಂಗೀತವನ್ನೂ ಹೋಮ್ಸ್ ರಚಿಸಿದ್ದರು. ಸುಳಿವುಗಳು ಪುಟದಲ್ಲಷ್ಟೇ ಅಲ್ಲ, ಆ ಸಂಗೀತದಲ್ಲೂ ಇದ್ದವು. ಕಣ್ಣಿನಿಂದ ಓದಿದವನಿಗೆ ಅರ್ಧ ಕಥೆ, ಕಿವಿಯನ್ನೂ ತೆರೆದವನಿಗೆ ಪೂರ್ತಿ. ಶೆಲ್ಡನ್, ಲೆವಿನ್, ಸಾಂಡ್‌ಹೈಮ್ ಬೇರೆ ಬೇರೆ ಕೋಣೆಗಳಲ್ಲಿಟ್ಟಿದ್ದ ಎರಡು ಕಸುಬುಗಳು ಇಲ್ಲಿ ಒಂದೇ ರಟ್ಟಿನೊಳಗೆ ಸೇರಿದ್ದವು.

2023ರಲ್ಲಿ, ಎಪ್ಪತ್ತಾರರ ಹೊಸ್ತಿಲಲ್ಲಿ, ‘ಮರ್ಡರ್ ಯುವರ್ ಎಂಪ್ಲಾಯರ್’ ಬಂದು ಅಮೆರಿಕದಲ್ಲಿ ಭರದಿಂದ ಮಾರಾಟವಾಯಿತು. ಕೊಲೆಯ ಕಲೆಯನ್ನು ಕಲಿಸುವ ರಹಸ್ಯ ವಿದ್ಯಾಲಯವೊಂದರ ಕಥೆ ಅದು. ಅದೇ ವರ್ಷ ‘ಓನ್ಲಿ ಮರ್ಡರ್ಸ್ ಇನ್ ದಿ ಬಿಲ್ಡಿಂಗ್’ ಟಿವಿ ಸರಣಿಯ ಮೂರನೆಯ ಭಾಗ ಕೊಲೆಯ ಸುತ್ತ ಒಂದು ಸಂಗೀತ ನಾಟಕವನ್ನೇ ಕಟ್ಟಿತು. ಮೂರು ಹಸುಗೂಸುಗಳಲ್ಲಿ ಕೊಲೆ ಮಾಡಿದ್ದು ಯಾವುದು ಎಂದು ಉಸಿರುಗಟ್ಟುವ ವೇಗದಲ್ಲಿ ಕೇಳುವ ಅದರ ಹಾಡು ಮರುವರ್ಷ ಎಮ್ಮಿ ಪ್ರಶಸ್ತಿ ಗೆದ್ದಿತು. ಆ ಹಾಡಿನಲ್ಲಿ ಪತ್ತೇದಾರನೇ ಹಾಡುತ್ತಾನೆ, ಶಂಕಿತರು ತೊಟ್ಟಿಲಲ್ಲಿ ಸುಮ್ಮನಿರುತ್ತಾರೆ. ಶಂಕಿತನಿಂದಲೇ ಹಾಡಿಸಿ ಗುಟ್ಟನ್ನೂ ಉಳಿಸಿಕೊಂಡ ನಾಟಕಕ್ಕಾಗಿ ಇಂದಿಗೂ 1985ರ ‘ಡ್ರೂಡ್’ ಕಡೆಗೇ ಹೋಗಬೇಕು.