ಯೊರ್ದನ್ ಹೊಳೆಯ ಯಾವ ದಡ?

ಭಾಗ 1

ಮೊದಲನೇ ಫೋಟೋ ನಿಮಗೆ ನೆನಪಿರಬಹುದು. ಬಿಳಿ ನಿಲುವಂಗಿ ಹಾಕಿಕೊಂಡು ಸೊಂಟದವರೆಗೆ ಹಸಿರು ನೀರಲ್ಲಿ ನಿಂತಿರೋದು ನಮ್ಮ ಕಾಲೇಜಿನ ಕ್ರೈಸ್ತ ವಿದ್ಯಾರ್ಥಿಗಳ ಗುಂಪು. ಹಿಂದೆ ನೀಲಗಿರಿ ಮರಗಳು. ವಾಪಸ್ ಬಸ್ ಹತ್ತಿದ ತಕ್ಷಣ ನಾನು ಹಾಕಿದ ಕ್ಯಾಪ್ಶನ್ ಇಷ್ಟೇ: "ಯೇಸುಸ್ವಾಮಿಗೆ ದೀಕ್ಷಾಸ್ನಾನ ಆದ ಜಾಗದಲ್ಲಿ." ನೀವೆಲ್ಲ ಲೈಕ್ ಒತ್ತಿದ್ರಿ. ಕ್ಲಾಸಿನ ಗೆಳೆಯ ಒಬ್ಬ ಮಾತ್ರ ಕೆಳಗೆ ಕೇಳಿದ್ದ: "ಅಲ್ಲೇ ಅಂತ ಹೆಂಗೆ ಗೊತ್ತು ಮಾರಾಯ?" ನಾನು ಒಂದು ಹೃದಯದ ಎಮೋಜಿ ಹಾಕಿ ಸುಮ್ಮನಾದೆ. ನಿಜ ಹೇಳ್ಬೇಕಂದ್ರೆ ಉತ್ತರ ಗೊತ್ತಿರಲಿಲ್ಲ.

ಊರಿಗೆ ಬಂದ ಮೇಲೆ ಓದಿ ನೋಡಿದೆ. ಆ ಕ್ಯಾಪ್ಶನ್ ತಪ್ಪು. ಅದನ್ನ ಡಿಲೀಟ್ ಮಾಡೋದು ಸುಲಭ, ಆದ್ರೆ ಆ ಪ್ರಶ್ನೆ ಒಳ್ಳೇದಿತ್ತು. ಅದಕ್ಕೇ ಈ ಸರಣಿ.

ಇನ್ನೊಂದು ಕಾರಣವೂ ಇದೆ. ಹೊರಡೋ ಹಿಂದಿನ ದಿನ ಹಾಸನದಲ್ಲಿರೋ ನನ್ನ ಅಜ್ಜಿ ಒಂದು ಹಾರ್ಲಿಕ್ಸ್ ಬಾಟಲಿ ತೊಳೆದು, ಬಿಸಿಲಲ್ಲಿ ಒಣಗಿಸಿ ಕೊಟ್ಟಿದ್ಲು. ಅಕ್ಕನ ಮಗುವಿನ ದೀಕ್ಷಾಸ್ನಾನಕ್ಕೆ ಯೊರ್ದನ್ ನೀರು ಬೇಕಂತೆ. "ಸ್ವಾಮಿ ಇಳಿದ ಜಾಗದ್ದೇ ತಗೊಂಡು ಬಾ ಮಗಾ, ಎಲ್ಲೆಂದರಲ್ಲಿ ಹಿಡೀಬೇಡ" ಅಂದಿದ್ಲು. ಆ ಬಾಟಲಿಯನ್ನ ನಾನು ತುಂಬಿಸಿದ್ದು ಈ ಫೋಟೋದಲ್ಲಿರೋ ಜಾಗದಲ್ಲೇ.

ಭಾಗ 2

ಈ ಜಾಗದ ಹೆಸರು ಯಾರ್ದೆನಿತ್. ಗಲಿಲಾಯ ಸಮುದ್ರದಿಂದ ಯೊರ್ದನ್ ಹೊರಗೆ ಹರಿಯೋ ಕಡೆ ಇದೆ. (ಸಮುದ್ರ ಅಂತ ಹೆಸರು, ಆದ್ರೆ ಅದು ಸಿಹಿನೀರಿನ ಸರೋವರ.) ಮೆಟ್ಟಿಲು, ಹಿಡಿದುಕೊಳ್ಳೋಕೆ ಕಂಬಿ, ಬಾಡಿಗೆ ನಿಲುವಂಗಿ, ಅಂಗಡಿ ಎಲ್ಲಾ ನೀಟಾಗಿವೆ. ಗೋಡೆ ಮೇಲೆ ಮಾರ್ಕನ ಸುವಾರ್ತೆಯ ಭಾಗವನ್ನ ಲೋಕದ ಎಷ್ಟೋ ಭಾಷೆಗಳಲ್ಲಿ ಬರೆದಿದ್ದಾರೆ. ನಮ್ಮ ಗೈಡ್ "ಇಲ್ಲೇ" ಅಂದ್ರು, ನಾವೂ "ಇಲ್ಲೇ" ಅಂದ್ಕೊಂಡ್ವಿ. ಆದ್ರೆ ಈ ಸ್ನಾನದ ತಾಣ ಶುರುವಾಗಿದ್ದು 1981ರಲ್ಲಿ. ನಮ್ಮಪ್ಪನಿಗಿಂತ ಚಿಕ್ಕದು!

ಹಾಗಾದ್ರೆ ಹಳೇ ಜಾಗ ಯಾವುದು? ಯೋಹಾನನ ಸುವಾರ್ತೆ ಒಂದು ಊರಿನ ಹೆಸರು ಹೇಳುತ್ತೆ: ಯೊರ್ದನಿನ ಆಚೆ ಇರೋ ಬೇಥಾನ್ಯ. ಯೆರೂಸಲೇಮಿನ ಪಕ್ಕದಲ್ಲಿ, ಲಾಜರನ ಊರಾದ ಬೇಥಾನ್ಯ ಅಲ್ಲ, ಇದು ಬೇರೆ. ಮೂರನೇ ಶತಮಾನದಲ್ಲೇ ಒರಿಗೆನ್ ಅನ್ನೋ ಪಂಡಿತರಿಗೆ ಇದು ತಲೆನೋವಾಗಿತ್ತು. ಯೇಸು ಓಡಾಡಿದ ಜಾಗಗಳನ್ನ ಹುಡುಕಿಕೊಂಡು ಅವರು ಆ ಸೀಮೆಯನ್ನೆಲ್ಲ ಸುತ್ತಿದ್ರು. ತಮಗೆ ಸಿಕ್ಕ ಹಸ್ತಪ್ರತಿಗಳಲ್ಲಿ ಹೆಚ್ಚುಕಡಿಮೆ ಎಲ್ಲದರಲ್ಲೂ 'ಬೇಥಾನ್ಯ' ಅಂತಲೇ ಇದೆ ಅಂತ ಒಪ್ಪಿಕೊಂಡು, ಆದ್ರೆ ಹೊಳೆ ದಡದಲ್ಲಿ ಆ ಹೆಸರಿನ ಊರೇ ಇಲ್ಲವಲ್ಲ, ಆದ್ದರಿಂದ 'ಬೇಥಬರ' ಅಂತ ಓದಬೇಕು ಅಂತ ವಾದಿಸಿದ್ರು. ನೋಡಿ, ನನ್ನ ಗೆಳೆಯ ಕೇಳಿದ ಪ್ರಶ್ನೆಗೆ ಸುಮಾರು 1800 ವರ್ಷ ವಯಸ್ಸು. ಕೇಳಿದವರೂ ನಂಬಿಕೆ ಇಲ್ಲದವರಲ್ಲ.

ಭಾಗ 3

ಈ ಭಾಗ ಸ್ವಲ್ಪ ಉದ್ದ. ನನಗೆ ತುಂಬಾ ಇಷ್ಟವಾದದ್ದು ಇದೇ, ಸ್ಕಿಪ್ ಮಾಡ್ಬೇಡಿ.

ಇಸವಿ 333. ಈಗಿನ ಫ್ರಾನ್ಸಿನ ಬೋರ್ಡೋ ಊರಿಂದ ಒಬ್ಬ ಯಾತ್ರಿಕ ಯೆರೂಸಲೇಮಿಗೆ ಬಂದ. ಹೆಸರು ಬರೆದಿಟ್ಟಿಲ್ಲ. ಬರೆದಿದ್ದು ಊರುಗಳ ಹೆಸರು ಮತ್ತು ಮೈಲಿ ಲೆಕ್ಕ, ಒಂಥರಾ ಆ ಕಾಲದ ಬಸ್ ಟೈಮ್‌ಟೇಬಲ್. ಅವನ ಲೆಕ್ಕದಲ್ಲಿ, ಮೃತ ಸಮುದ್ರದಿಂದ ಐದು ಮೈಲಿ ದೂರದಲ್ಲಿ ಯೋಹಾನನು ಕರ್ತನಿಗೆ ಸ್ನಾನ ಮಾಡಿಸಿದ ಜಾಗ ಇದೆ, ಅಲ್ಲೇ ಆಚೆ ದಡದಲ್ಲಿ ಎಲೀಯನು ಸ್ವರ್ಗಕ್ಕೆ ಏರಿದ ಗುಡ್ಡ ಇದೆ. ರೋಮನ್ ಮೈಲಿ ಅಂದ್ರೆ ಸುಮಾರು ಒಂದೂವರೆ ಕಿಲೋಮೀಟರ್. ಐದು ಮೈಲಿ ಅಂದ್ರೆ ಏಳೂವರೆ ಕಿಲೋಮೀಟರ್ ಹತ್ತಿರ. ಈಗ ಮ್ಯಾಪ್ ತೆಗೆದು ನೋಡಿ: ನಾವು ಮುಳುಗಿದ ಯಾರ್ದೆನಿತ್ ಇರೋದು ಉತ್ತರದ ತುದಿಯಲ್ಲಿ, ಮೃತ ಸಮುದ್ರ ಇರೋದು ದಕ್ಷಿಣದ ತುದಿಯಲ್ಲಿ. ಮಧ್ಯೆ ನೇರ ಅಳೆದರೇ ನೂರು ಕಿಲೋಮೀಟರ್ ಮೇಲೆ! ಹೊಳೆ ಸುತ್ತಿಬಳಸಿ ಹರಿಯೋ ಉದ್ದ ಅದರ ಎರಡರಷ್ಟು.

ಎಲೀಯನ ಗುಡ್ಡ ಯಾಕೆ ಮುಖ್ಯ? ಬೈಬಲಿನ ಕಥೆಗಳಲ್ಲಿ ಯೆರಿಕೋ ಎದುರಿನ ಈ ಕಡವು ಮತ್ತೆ ಮತ್ತೆ ಬರುತ್ತೆ. ಯೆಹೋಶುವನು ಜನರನ್ನ ದಾಟಿಸಿದ್ದು ಯೆರಿಕೋ ಎದುರಿಗೆ. ಎಲೀಯನು ಕೊನೇ ಸಲ ಯೊರ್ದನ್ ದಾಟಿದ್ದೂ ಯೆರಿಕೋ ಕಡೆಯಿಂದ. ಎಲೀಯನ ಹಾಗೇ ಸೊಂಟಕ್ಕೆ ಚರ್ಮದ ಪಟ್ಟಿ ಕಟ್ಟಿಕೊಂಡ ಯೋಹಾನ ಅಲ್ಲೇ ಬೋಧನೆಗೆ ನಿಂತಿದ್ದ ಅಂತ ಆಗಿನ ಕ್ರೈಸ್ತರು ನಂಬಿದ್ರು. ಅದರಲ್ಲಿ ಒಂದು ಅರ್ಥ ಇದೆ. ಹಾಗಂತ 333 ಅನ್ನೋದು ಘಟನೆ ಆಗಿ ಮುನ್ನೂರು ವರ್ಷದ ಮೇಲೆ. ನಮ್ಮ ಲೆಕ್ಕದಲ್ಲಿ ಹೈದರಾಲಿ ಇನ್ನೂ ಚಿಕ್ಕ ಹುಡುಗನಾಗಿದ್ದ ಕಾಲದ್ದನ್ನ ಈವತ್ತು ಬಾಯಿಮಾತಲ್ಲಿ ತೋರಿಸಿದ ಹಾಗೆ. ಪುರಾವೆ ಅಂತ ಕೋರ್ಟಲ್ಲಿ ನಿಲ್ಲಲ್ಲ. ಆದ್ರೆ ಹಳೇ ನೆನಪು ಇರೋದು ಯೆರಿಕೋ ಕಡೆಗೆ, ಗಲಿಲಾಯದ ಕಡೆಗಲ್ಲ.

ಆರನೇ ಶತಮಾನದ ಹೊತ್ತಿಗೆ ಅಲ್ಲಿ ಚರ್ಚು ಎದ್ದಿತ್ತು, ಗುರುತಿಗೆ ಕಬ್ಬಿಣದ ಶಿಲುಬೆ ಇಟ್ಟ ಅಮೃತಶಿಲೆಯ ಕಂಬ ಇತ್ತು ಅಂತ ಥಿಯೊಡೋಸಿಯಸ್ ಅನ್ನೋರು ಬರೆದಿದ್ದಾರೆ. ಸುಮಾರು 570ರಲ್ಲಿ ಇಟಲಿಯ ಪಿಯಾಚೆನ್ಸಾ ಊರಿನ ಇನ್ನೊಬ್ಬ ಯಾತ್ರಿಕ ಎಪಿಫನಿ ಹಬ್ಬದ ದಿನವೇ ಅಲ್ಲಿದ್ದ. ಅವನು ಕಂಡಿದ್ದು: ಎರಡೂ ದಡದಲ್ಲಿ ಮೆಟ್ಟಿಲು, ಭಾರೀ ಜನ. ಗುರುಗಳು ನೀರನ್ನ ಆಶೀರ್ವದಿಸೋವಾಗ ಅಲೆಕ್ಸಾಂಡ್ರಿಯದ ಹಡಗಿನ ಮಾಲೀಕರ ಆಳುಗಳು ಸುಗಂಧದ್ರವ್ಯ ತುಂಬಿದ ಪಾತ್ರೆಗಳನ್ನ ಹೊಳೆಗೆ ಸುರಿದು, ಅದೇ ಪಾತ್ರೆಯಲ್ಲಿ ನೀರು ತುಂಬಿಕೊಳ್ತಿದ್ರಂತೆ. ಊರಿಗೆ ಹೋಗಿ, ಹಡಗು ಹೊರಡೋ ಮುಂಚೆ ಅದನ್ನ ಚಿಮುಕಿಸೋಕೆ. ಜನ ನಾರುಬಟ್ಟೆ ಉಟ್ಟು ನೀರಿಗೆ ಇಳಿದು, ಆ ಬಟ್ಟೆಯನ್ನ ತಮ್ಮ ಶವಕ್ಕೆ ಹೊದಿಸೋಕೆ ಅಂತ ಜೋಪಾನವಾಗಿ ಎತ್ತಿಟ್ಟುಕೊಳ್ತಿದ್ರಂತೆ.

ಹತ್ತೊಂಬತ್ತನೇ ಶತಮಾನದ ಕೊನೆಗೆ ಸಾವಿರಾರು ರಷ್ಯನ್ ರೈತರು ಇದೇ ಯೆರಿಕೋ ಕಡೆಯ ದಡಕ್ಕೆ ನಡೆದು ಬರ್ತಿದ್ರು. ಅವರೂ ಬಿಳಿ ಬಟ್ಟೆಯಲ್ಲಿ ಮುಳುಗಿ ಅದನ್ನೇ ಹೆಣದ ಬಟ್ಟೆಗೆ ಇಟ್ಟುಕೊಳ್ತಿದ್ರು. 1300 ವರ್ಷದ ಅಂತರ, ಅದೇ ಕೆಲಸ. ನಮ್ಮ ನಿಲುವಂಗಿ ಬಾಡಿಗೆಯದ್ದು, ಮುಗಿದ ಮೇಲೆ ವಾಪಸ್ ಕೊಟ್ವಿ.

ಇದನ್ನ ಓದೋವರೆಗೆ ನೀರು ತುಂಬಿಸಿಕೊಂಡು ಬರೋದು ಹಳ್ಳಿ ಅಜ್ಜಿಯರ ಅಭ್ಯಾಸ ಅಂತ ನನಗೆ ಒಳಗೊಳಗೇ ಸ್ವಲ್ಪ ನಾಚಿಕೆ ಇತ್ತು. ಸೆಕ್ಯೂರಿಟಿಯವರು ಹಾರ್ಲಿಕ್ಸ್ ಬಾಟಲಿ ತಿರುಗಿಸಿ ನೋಡಿದಾಗ ಬೇರೆ ಕಡೆ ಮುಖ ಮಾಡಿದ್ದೆ.

ಭಾಗ 4

ಈ ಫೋಟೋ ಮೊದಲನೇ ದಿನದ್ದು, ಜೋರ್ಡಾನ್ ದೇಶದ ಮಾದಬಾ ಊರಿನ ಸಂತ ಜಾರ್ಜ್ ಚರ್ಚಿನ ನೆಲ. ಸಣ್ಣ ಸಣ್ಣ ಬಣ್ಣದ ಕಲ್ಲು ಜೋಡಿಸಿ ಮಾಡಿದ ಆರನೇ ಶತಮಾನದ ನಕ್ಷೆ. ಆವತ್ತು ನಾವು ಮೀನಿನ ಫೋಟೋ ತೆಗೆದಿದ್ದೇ ತೆಗೆದಿದ್ದು: ಯೊರ್ದನಿನಲ್ಲಿ ಈಜ್ತಾ ಬಂದ ಒಂದು ಮೀನು ಮೃತ ಸಮುದ್ರದ ಉಪ್ಪಿಗೆ ಹೆದರಿ ವಾಪಸ್ ತಿರುಗಿದೆ. ಕಲೆಗಾರ ತಮಾಷೆಯ ಮನುಷ್ಯ ಇರ್ಬೇಕು.

ಈಗ ಅದೇ ಫೋಟೋನ ಜೂಮ್ ಮಾಡಿ. ಹೊಳೆಯ ಪಶ್ಚಿಮಕ್ಕೆ 'ಬೇಥಬರ, ಯೋಹಾನನ ದೀಕ್ಷಾಸ್ನಾನದ ಜಾಗ' ಅಂತ ಗ್ರೀಕಿನಲ್ಲಿ ಬರೆದಿದೆ. ಪೂರ್ವಕ್ಕೆ 'ಐನೋನ್, ಈಗಿನ ಸಪ್ಸಫಾಸ್' ಅಂತ ಇನ್ನೊಂದು ಹೆಸರು. ಅಂದ್ರೆ 1400 ವರ್ಷಕ್ಕೂ ಹಿಂದೆನೇ ಎರಡೂ ದಡದಲ್ಲಿ ಯೋಹಾನನ ನೆನಪು ಹಂಚಿಹೋಗಿತ್ತು. ಯಾತ್ರಿಕರು ಎರಡೂ ಕಡೆ ಹೋಗ್ತಿದ್ರು. ಆಗ ಮಧ್ಯದಲ್ಲಿ ಗಡಿ ಇರಲಿಲ್ಲ. ನಕ್ಷೆಯಲ್ಲೇ ಹೊಳೆ ಮೇಲೆ ಅಡ್ಡಕ್ಕೆ ಹಗ್ಗ ಕಟ್ಟಿದ ದೋಣಿ ಇದೆ ನೋಡಿ.

ಭಾಗ 5

ಗಡಿ ಬಂದಿದ್ದು 1967ರಲ್ಲಿ. ಆ ವರ್ಷದ ಯುದ್ಧದಲ್ಲಿ ಇಸ್ರೇಲ್ ಪಶ್ಚಿಮ ದಂಡೆಯನ್ನ ಆಕ್ರಮಿಸಿಕೊಂಡಿತು, ಹೊಳೆಯೇ ಎರಡು ಸೈನ್ಯಗಳ ನಡುವಿನ ಗೆರೆ ಆಯ್ತು. ಪಶ್ಚಿಮದಲ್ಲಿ ಯಾತ್ರಿಕರ ಹಳೇ ದಡಕ್ಕೆ ಕಸರ್ ಅಲ್ ಯಹೂದ್ ಅಂತ ಹೆಸರು. ಅಲ್ಲಿ ಬೇರೆ ಬೇರೆ ಸಭೆಗಳ ಮಠ, ಪ್ರಾರ್ಥನಾಲಯ ಇದ್ವು. ಸನ್ಯಾಸಿಗಳು ಬಿಟ್ಟು ಹೋಗಬೇಕಾಯ್ತು, ಸುತ್ತಲೂ ನೆಲಬಾಂಬು ಹೂತರು. ಅಲ್ಲಿನ ಫ್ರಾನ್ಸಿಸ್ಕನ್ ಪ್ರಾರ್ಥನಾಲಯದ ರಿಜಿಸ್ಟರಿನಲ್ಲಿ ಕೊನೇ ಪೂಜೆಯ ಸಹಿ 1967ರ ಜನವರಿ 7ರದ್ದು. ಮುಂದಿನ ಪೂಜೆ ನಡೆದಿದ್ದು 2021ರ ಜನವರಿಯಲ್ಲಿ, 54 ವರ್ಷ ಆದ ಮೇಲೆ.

ಯಾರ್ದೆನಿತ್ ಹುಟ್ಟಿದ್ದು ಈ ಕಾರಣಕ್ಕೆ. ಹಳೇ ದಡ ಮಿಲಿಟರಿ ವಲಯ, ಆದ್ರೆ ಯಾತ್ರಿಕರು ಬರೋದು ನಿಂತಿಲ್ಲ. ಅವರಿಗೆ ಸುರಕ್ಷಿತವಾದ ಒಂದು ಜಾಗ ಬೇಕಿತ್ತು, ಉತ್ತರದಲ್ಲಿ ಮಾಡಿದ್ರು. ಇದರಲ್ಲಿ ಮೋಸ ಏನಿಲ್ಲ. ಅದನ್ನ "ಇಲ್ಲೇ" ಅಂತ ಹೇಳಿದ್ರೆ ಮಾತ್ರ ತಪ್ಪು. ಆ ತಪ್ಪು ಗೈಡ್ ಒಬ್ಬರದ್ದೇ ಅಲ್ಲ, ಸುಮ್ಮನೆ ಫಾರ್ವರ್ಡ್ ಮಾಡಿದ ನನ್ನದೂ ಹೌದು.

ಪೂರ್ವ ದಡದ ಕಥೆ ಬೇರೆ. 1994ರಲ್ಲಿ ಜೋರ್ಡಾನ್ ಮತ್ತು ಇಸ್ರೇಲ್ ಶಾಂತಿ ಒಪ್ಪಂದ ಮಾಡಿಕೊಂಡ ಮೇಲೆ ಅಲ್ಲಿ ನೆಲಬಾಂಬು ತೆಗೆದು ಅಗೆದು ನೋಡಿದ್ರು. ಚರ್ಚುಗಳ ಪಾಯ, ಸ್ನಾನದ ಕೊಳಗಳು, ಸನ್ಯಾಸಿಗಳಿದ್ದ ಗವಿ, ಎಲೀಯನ ಗುಡ್ಡದ ಮೇಲಿನ ಮಠ ಸಿಕ್ಕವು. ಅದು ಅಲ್ ಮಗ್ತಸ್, ಮೃತ ಸಮುದ್ರದಿಂದ ಒಂಬತ್ತು ಕಿಲೋಮೀಟರ್ ಉತ್ತರಕ್ಕೆ. ಬೋರ್ಡೋ ಯಾತ್ರಿಕನ ಐದು ಮೈಲಿ ನೆನಪಿದೆಯಲ್ಲ? 2015ರಲ್ಲಿ ಯುನೆಸ್ಕೋ ಅದನ್ನ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪಶ್ಚಿಮ ದಡ ಜನರಿಗೆ ಮತ್ತೆ ತೆರೆದಿದ್ದು 2011ರಲ್ಲಿ. ಇದಕ್ಕೆಲ್ಲ ಮುಂಚೆ, 2000ದ ಮಾರ್ಚಿನಲ್ಲಿ ಬಂದಿದ್ದ ಪೋಪ್ ಎರಡನೇ ಜಾನ್ ಪಾಲ್ ಎರಡೂ ದಡಕ್ಕೆ ಹೋಗಿ ಬಂದ್ರು. ಜಾಣರು.

ನನ್ನ ಅಭಿಪ್ರಾಯ ಕೇಳಿದ್ರೆ: ಯೋಹಾನ ನಿಂತ ಹೆಜ್ಜೆ ಇದೇ ಅಂತ ಯಾರಿಂದಲೂ ತೋರಿಸೋಕಾಗಲ್ಲ, ಹೊಳೆನೇ ಎಷ್ಟೋ ಸಲ ಪಾತ್ರ ಬದಲಿಸಿದೆ. ಆದ್ರೆ 'ಆಚೆ' ಅನ್ನೋ ಸುವಾರ್ತೆಯ ಮಾತಿಗೆ ಪೂರ್ವದ ದಡವೇ ಹೊಂದೋದು. ನಾವು ಜೋರ್ಡಾನಿನಲ್ಲಿ ಎರಡು ದಿನ ಇದ್ವಿ, ಪ್ಯಾಕೇಜಿನಲ್ಲಿ ಅಲ್ ಮಗ್ತಸ್ ಇರಲಿಲ್ಲ. ಮುಂದೆ ಹೋಗೋರು ಹಣ ಕಟ್ಟೋ ಮುಂಚೆ ಕೇಳಿ.

ಭಾಗ 6

ನೀರಿನ ಬಗ್ಗೆ ಒಂದು ಮಾತು, ಯಾಕಂದ್ರೆ ಬಾಟಲಿ ಇದೆಯಲ್ಲ.

ಯಾರ್ದೆನಿತ್‌ನಲ್ಲಿ ನೀರು ಅಷ್ಟು ಚೆನ್ನಾಗಿರೋಕೆ ಕಾರಣ, ಅದು ಸರೋವರದಿಂದ ಆಗ ತಾನೇ ಬಿಟ್ಟ ನೀರು. ಸ್ವಲ್ಪ ಕೆಳಗೆ ಅಡ್ಡ ಒಡ್ಡು ಇದೆ, ಅಲ್ಲಿಂದ ಮುಂದೆ ಹೊಳೆಯ ಕಥೆನೇ ಬೇರೆ. 1964ರಿಂದ ಇಸ್ರೇಲ್ ಸರೋವರದ ನೀರನ್ನ ದೊಡ್ಡ ಪೈಪು, ಕಾಲುವೆಗಳಲ್ಲಿ ದಕ್ಷಿಣಕ್ಕೆ ಸಾಗಿಸಿತು. ಉಪನದಿ ಯಾರ್ಮುಕಿನ ನೀರನ್ನ ಸಿರಿಯಾ ಅಣೆಕಟ್ಟು ಕಟ್ಟಿ, ಜೋರ್ಡಾನ್ ಕಾಲುವೆ ತೆಗೆದು ತಿರುಗಿಸಿಕೊಂಡವು. ಹಿಂದೆ ಮೃತ ಸಮುದ್ರಕ್ಕೆ ಸೇರ್ತಿದ್ದ ನೀರಲ್ಲಿ ಈಗ ಹತ್ತನೇ ಒಂದು ಪಾಲೂ ಸೇರಲ್ಲ. ಎಷ್ಟೋ ವರ್ಷ ಕೆಳಗಿನ ಹೊಳೆಗೆ ಬಿಡ್ತಾ ಇದ್ದಿದ್ದು ಉಪ್ಪುಬುಗ್ಗೆಯ ನೀರು, ಮೀನುಕೊಳದ ನೀರು, ಚರಂಡಿ ನೀರು.

ಅಂದ್ರೆ ತಿಳಿನೀರಿರೋ ಕಡೆ ಹಳೇ ನೆನಪಿಲ್ಲ, ಹಳೇ ನೆನಪಿರೋ ಕಡೆ ತಿಳಿನೀರಿಲ್ಲ.

ಭಾಗ 7

ಕೊನೇ ಫೋಟೋ ಕಸರ್ ಅಲ್ ಯಹೂದ್. ಪ್ರವಾಸದ ಕೊನೆಯಲ್ಲಿ ಒಂದೇ ಗಂಟೆ ನಿಲ್ಲಿಸಿದ್ರು. ರಸ್ತೆಯ ಎರಡೂ ಕಡೆ ತಂತಿಬೇಲಿ, ನೆಲಬಾಂಬಿನ ಎಚ್ಚರಿಕೆಯ ಬೋರ್ಡು. ಇಳಿದು ನೋಡಿದ್ರೆ ಕಂದು ಬಣ್ಣದ ನೀರು, ಈ ದಡದಿಂದ ಆ ದಡಕ್ಕೆ ಹತ್ತು ಮೀಟರ್ ಕೂಡ ಇಲ್ಲ. ಮಧ್ಯದಲ್ಲಿ ಗಡಿ. ಆ ಕಡೆಯೂ ಒಂದು ಗುಂಪು ಕಾಲು ಇಳಿಬಿಟ್ಟು ಕೂತು ಹಾಡ್ತಿತ್ತು. ಭಾಷೆ ಗೊತ್ತಾಗಲಿಲ್ಲ, ರಾಗ ಗೊತ್ತಿರೋದೇ. ನಮ್ಮವರು ಕನ್ನಡದಲ್ಲಿ ಸೇರಿಸಿ ಹಾಡಿದ್ರು. ಸೈನಿಕ ಒಬ್ಬ ಸುಮ್ಮನೆ ನೋಡ್ತಾ ನಿಂತಿದ್ದ.

ನಮ್ಮ ಹಳೇ ಕನ್ನಡ ಬೈಬಲಿನಲ್ಲಿ ಇದಕ್ಕೆ 'ಯೊರ್ದನ್ ಹೊಳೆ' ಅಂತಲೇ ಇದೆ, ನದಿ ಅಂತ ಇಲ್ಲ. ಚಿಕ್ಕವನಿದ್ದಾಗ ಅದು ಯಾಕೋ ಕಡಿಮೆ ಅನ್ನಿಸ್ತಿತ್ತು. ಅಲ್ಲಿ ನಿಂತಾಗ ಸರಿ ಅನ್ನಿಸಿತು. ಕುಷ್ಠ ವಾಸಿಯಾಗೋಕೆ ಬಂದ ನಾಮಾನನೂ ದಮಸ್ಕದ ಹೊಳೆಗಳು ಇದಕ್ಕಿಂತ ವಾಸಿ ಅಂತ ಸಿಟ್ಟಾಗಿದ್ದನಲ್ಲ. ಅದೇ ನಾಮಾನ ಊರಿಗೆ ಹೊರಡುವಾಗ ಎರಡು ಹೇಸರಕತ್ತೆ ಹೊರುವಷ್ಟು ಮಣ್ಣು ಕೇಳಿದ.

"ಹಳೇ ದಡ ಇದೇ ಅಂತಾರೆ" ಅಂತ ನಮ್ಮ ಜೊತೆ ಬಂದಿದ್ದ ಅಯ್ಯನವರು ಹೇಳಿದ್ರು. ಹಾರ್ಲಿಕ್ಸ್ ಬಾಟಲಿ ಆಗಲೇ ತುಂಬಿತ್ತು, ಕುಡಿದು ಖಾಲಿ ಮಾಡಿದ ನೀರಿನ ಬಾಟಲಿಯಲ್ಲಿ ಒಂದಷ್ಟು ಹಿಡಿದೆ.

ಹೋದ ವಾರ ಹಾಸನಕ್ಕೆ ಹೋಗಿ ಎರಡನ್ನೂ ಅಜ್ಜಿ ಮುಂದೆ ಇಟ್ಟು, ಮೇಲೆ ಬರೆದಿದ್ದನ್ನೆಲ್ಲ ಹೇಳಿದೆ. 1981 ಅಂದಾಗ ಬೇಜಾರಾಗುತ್ತೇನೋ ಅಂತ ಭಯ ಇತ್ತು. ಅಜ್ಜಿ ಕೇಳಿದ್ದು ಒಂದೇ: "ಯೆರಿಕೋ ಹತ್ರದ್ದು ಯಾವ್ದು?" ಕೆಸರಿನ ಬಾಟಲಿ ತೋರಿಸಿದೆ. ಎರಡು ದಿನ ಅಲುಗಾಡಿಸದೆ ಇಟ್ಟು, ಮೇಲಿನ ತಿಳಿ ಬಗ್ಗಿಸಿ, ಪಂಚೆ ತುಂಡಲ್ಲಿ ಸೋಸಿ, ಚೆನ್ನಾಗಿ ಕುದಿಸಿ ಆರಿಸಿದ್ಲು. ಒಂದು ಲೋಟದಷ್ಟು ಉಳಿಯಿತು. ಅದರಲ್ಲಿ ಒಂದು ಚಮಚ ನಲ್ಲಿ ನೀರಿಗೆ ಬೆರೆಸ್ತಾರಂತೆ, ಮುಂದಿನ ಭಾನುವಾರ.

ಹಾರ್ಲಿಕ್ಸ್ ಬಾಟಲಿ ಶೋಕೇಸಿನಲ್ಲಿ, ತಾತನ ಫೋಟೋ ಪಕ್ಕ ಇದೆ. ಗಿಡಕ್ಕೆ ಹಾಕ್ಲಾ ಅಂತ ಕೇಳಿದ್ದಕ್ಕೆ ಬೈಸಿಕೊಂಡೆ.

ಮೊದಲನೇ ಫೋಟೋದ ಕ್ಯಾಪ್ಶನ್ ತಿದ್ದಿದ್ದೀನಿ, ಹೋಗಿ ನೋಡಿ. ಮುಂದಿನ ಸರಣಿ ಎಮ್ಮಾಹು ಊರಿನ ಬಗ್ಗೆ. ಅದಕ್ಕೆ ಮೂರಲ್ಲ, ಇನ್ನೂ ಜಾಸ್ತಿ ಜಾಗ ಇವೆ.