ಒತ್ತಡ: ಏರುವ ಬಗೆ, ಇಳಿಸುವ ಬಗೆ

ಬೆಂಗಳೂರಿನ ವೈಯಾಲಿಕಾವಲ್ ಬಡಾವಣೆಯ ಹೆಸರಿನಲ್ಲಿ ಎರಡು ಪದಗಳು ಅಡಗಿವೆ. ಹಳೆಯ ಕನ್ನಡದಲ್ಲಿ ವೈಹಾಳಿ ಅಥವಾ ವೈಯಾಳಿ ಎಂದರೆ ಕುದುರೆ ಸವಾರಿ. ಕಾವಲ್ ಎಂದರೆ ಮೇವಿಗೆಂದು ಕಾಯ್ದಿಟ್ಟ ಹುಲ್ಲುಗಾವಲು. ಇಂದು ಅಲ್ಲಿ ಕುದುರೆಯೂ ಇಲ್ಲ, ಹುಲ್ಲೂ ಇಲ್ಲ. ಒಂದಕ್ಕೊಂದು ಅಂಟಿಕೊಂಡ ಮನೆಗಳಿವೆ, ಗೇಟಿನ ಮುಂದೆ ಸಾಲುಗಟ್ಟಿದ ಸ್ಕೂಟರುಗಳಿವೆ, ಬೆಳಿಗ್ಗೆ ಎಂಟಕ್ಕೇ ಮೊಬೈಲ್ ನೋಡುತ್ತ ಕ್ಯಾಬ್‌ಗೆ ಕಾಯುವವರಿದ್ದಾರೆ. ಆದರೂ ಒತ್ತಡದ ವಿಷಯಕ್ಕೆ ಕುದುರೆಯ ಮಾತು ಹೊಂದುತ್ತದೆ. ಓಡಿಬಂದ ಕುದುರೆಯನ್ನು ಪಳಗಿದ ಸವಾರ ನೇರವಾಗಿ ಲಾಯಕ್ಕೆ ಒಯ್ದು ಕಟ್ಟುವುದಿಲ್ಲ. ಬೆವರು ಆರಿ ಉಸಿರು ಹದಕ್ಕೆ ಬರುವ ತನಕ ನಿಧಾನವಾಗಿ ನಡೆಸುತ್ತಾನೆ. ಮನುಷ್ಯನ ದೇಹವೂ ದಿನಕ್ಕೆ ಹಲವು ಸಲ ಓಟಕ್ಕೆ ಸಜ್ಜಾಗುತ್ತದೆ. ಆದರೆ ಓಡುವುದೂ ಇಲ್ಲ, ಬೆವರು ಆರಿಸಿಕೊಳ್ಳುವುದೂ ಇಲ್ಲ. ಒತ್ತಡದ ಹಾನಿ ಬಹುಮಟ್ಟಿಗೆ ಹುಟ್ಟುವುದು ಇಲ್ಲಿಯೇ.

ಪದ ಮತ್ತು ಅರ್ಥ

ಇಂಗ್ಲಿಷಿನ ಸ್ಟ್ರೆಸ್ ಎಂಬ ಪದಕ್ಕೆ ಯಂತ್ರಶಾಸ್ತ್ರದಲ್ಲಿ ಒಂದು ನಿರ್ದಿಷ್ಟ ಅರ್ಥವಿದೆ. ತೊಲೆಯ ಮೇಲೆ ಭಾರ ಬಿದ್ದಾಗ ಅದರೊಳಗೆ ಏಳುವ ಪ್ರತಿಬಲವನ್ನು ಅದು ಸೂಚಿಸುತ್ತದೆ. ನಮ್ಮ ಭೌತಶಾಸ್ತ್ರದ ಪಠ್ಯಗಳಲ್ಲಿ ಇದಕ್ಕೆ ಪೀಡನ ಎಂಬ ಹೆಸರಿದೆ. ಕೆನಡಾದ ಮಾಂಟ್ರಿಯಲ್‌ನಲ್ಲಿ ಕೆಲಸ ಮಾಡುತ್ತಿದ್ದ ಹ್ಯಾನ್ಸ್ ಸೆಲ್ಯೆ ಎಂಬ ವಿಜ್ಞಾನಿ 1936ರಲ್ಲಿ ನೇಚರ್ ಪತ್ರಿಕೆಗೆ ಒಂದು ಪುಟ್ಟ ಟಿಪ್ಪಣಿ ಬರೆದರು. ಚಳಿ, ಗಾಯ, ವಿಷ, ಅತಿಯಾದ ಶ್ರಮ ಇವುಗಳಲ್ಲಿ ಯಾವುದಕ್ಕೆ ಗುರಿಪಡಿಸಿದರೂ ಇಲಿಗಳ ದೇಹ ಒಂದೇ ರೀತಿ ಸ್ಪಂದಿಸುತ್ತದೆ ಎಂಬುದು ಅದರ ಸಾರ: ಅಡ್ರಿನಲ್ ಗ್ರಂಥಿಗಳು ಊದಿಕೊಳ್ಳುತ್ತವೆ, ರೋಗನಿರೋಧಕ ವ್ಯವಸ್ಥೆಗೆ ಸೇರಿದ ಥೈಮಸ್ ಗ್ರಂಥಿ ಕುಗ್ಗುತ್ತದೆ, ಜಠರದಲ್ಲಿ ಹುಣ್ಣಾಗುತ್ತದೆ. ಎಚ್ಚರ, ಪ್ರತಿರೋಧ, ಬಳಲಿಕೆ ಎಂಬ ಮೂರು ಹಂತಗಳನ್ನು ಸೆಲ್ಯೆ ಗುರುತಿಸಿದರು. ಸ್ಟ್ರೆಸ್ ಎಂಬ ಪದ ವೈದ್ಯಶಾಸ್ತ್ರದಲ್ಲಿ ನೆಲೆಯೂರಲು ಮುಖ್ಯ ಕಾರಣರು ಇವರೇ.

ಆಡುಗನ್ನಡ ಪೀಡನವನ್ನು ಹತ್ತಿರ ಸೇರಿಸಲಿಲ್ಲ. ಬರಹದಲ್ಲಿ ಒತ್ತಡ ಉಳಿಯಿತು, ಮಾತಿನಲ್ಲಿ ಟೆನ್ಷನ್ ಗೆದ್ದಿತು. ಬೆಂಗಳೂರಿನಲ್ಲಿ ಸಿಟ್ಟು ಬಂದವರು ‘ನನಗೆ ಬಿ.ಪಿ. ಏರಿಸಬೇಡ’ ಎನ್ನುವುದೂ ಉಂಟು. ಈ ಮಾತಿನಲ್ಲಿ ಒಂದು ತಪ್ಪು ತಿಳಿವಳಿಕೆ ಸೇರಿಕೊಂಡಿದೆ. ಅಧಿಕ ರಕ್ತದೊತ್ತಡ ಸಾಮಾನ್ಯವಾಗಿ ಯಾವ ಲಕ್ಷಣವನ್ನೂ ತೋರುವುದಿಲ್ಲ. ಅತ್ಯಂತ ಶಾಂತ ಸ್ವಭಾವದವರಲ್ಲಿಯೂ ಅದು ಇರಬಹುದು. ಅಳೆದು ನೋಡದೆ ಅದನ್ನು ತಿಳಿಯಲಾಗದು. ಮನಸ್ಸಿನ ಒತ್ತಡ ರಕ್ತದೊತ್ತಡವನ್ನು ತಾತ್ಕಾಲಿಕವಾಗಿ ಏರಿಸುವುದು ನಿಜ, ಆದರೆ ಎರಡೂ ಒಂದೇ ಅಲ್ಲ.

ಮನೋವಿಜ್ಞಾನಿಗಳಾದ ರಿಚರ್ಡ್ ಲಾಜರಸ್ ಮತ್ತು ಸುಸಾನ್ ಫೋಕ್‌ಮನ್ 1984ರಲ್ಲಿ ಕೊಟ್ಟ ನಿರೂಪಣೆ ಇಂದಿಗೂ ಬಳಕೆಯಲ್ಲಿದೆ. ಎದುರಾದ ಬೇಡಿಕೆ ತನ್ನ ಶಕ್ತಿಯನ್ನು ಮೀರುತ್ತದೆ ಎಂದು ವ್ಯಕ್ತಿ ಅಂದಾಜು ಮಾಡಿದಾಗ ಒತ್ತಡ ಉಂಟಾಗುತ್ತದೆ. ಇಲ್ಲಿ ಅಂದಾಜು ಎಂಬುದೇ ಮುಖ್ಯ ಪದ. ಒಂದೇ ಪ್ರಶ್ನೆಪತ್ರಿಕೆ ಒಬ್ಬ ವಿದ್ಯಾರ್ಥಿಗೆ ಸವಾಲು, ಪಕ್ಕದ ಬೆಂಚಿನವನಿಗೆ ಗಂಡಾಂತರ.

ದೇಹದಲ್ಲಿ ನಡೆಯುವುದೇನು

ವೈಯಾಲಿಕಾವಲಿನ ಚೌಡಯ್ಯ ಸ್ಮಾರಕ ಭವನ ಪಿಟೀಲಿನ ಆಕಾರದ ಕಟ್ಟಡ. ಏಳು ತಂತಿಗಳ ಪಿಟೀಲು ನುಡಿಸಿದ ಟಿ. ಚೌಡಯ್ಯನವರ ನೆನಪಿಗೆ ಕೆ.ಕೆ. ಮೂರ್ತಿಯವರು ಮುಂದೆ ನಿಂತು ಕಟ್ಟಿಸಿದ ಈ ಭವನ 1980ರಲ್ಲಿ ಸಿದ್ಧವಾಯಿತು. ಬಿಗಿದರೆ ಕಡಿಯುತ್ತದೆ, ಸಡಿಲಿಸಿದರೆ ನುಡಿಯದು ಎಂಬ ತಂತಿಯ ಹೋಲಿಕೆ ಒತ್ತಡದ ಉಪನ್ಯಾಸಗಳಲ್ಲಿ ಸಾಕಷ್ಟು ಸವೆದಿದೆ. ಕಟ್ಟಡದ ಆಕಾರಕ್ಕಿಂತ ಅದರ ವೇದಿಕೆಯ ಪಕ್ಕದ ಮರೆಯಲ್ಲಿ ಕಲಿಯಲು ಹೆಚ್ಚು ಸಿಗುತ್ತದೆ.

ಮೊದಲ ಕಛೇರಿಗೆ ಬಂದ ಗಾಯಕಿಯೊಬ್ಬಳು ಅಲ್ಲಿ ಕಾಯುತ್ತಿದ್ದಾಳೆ ಎಂದುಕೊಳ್ಳೋಣ. ತಂಬೂರಿ ಶ್ರುತಿ ಸೇರಿದೆ. ಅವಳ ಅಂಗೈ ತಣ್ಣಗಿದೆ, ಬಾಯಿ ಒಣಗಿದೆ, ಎದೆ ಡವಗುಟ್ಟುತ್ತಿದೆ. ಅಮ್ಮ ಡಬ್ಬಿಯಲ್ಲಿ ತಂದ ಉಪ್ಪಿಟ್ಟು ಮುಟ್ಟದೆ ಹಾಗೇ ಉಳಿದಿದೆ. ಈ ನಾಲ್ಕಕ್ಕೂ ಕಾರಣ ಒಂದೇ. ಮಿದುಳು ಅಪಾಯದ ಸುಳಿವು ಕೊಟ್ಟೊಡನೆ ಸಿಂಪಥೆಟಿಕ್ ನರವ್ಯೂಹ ಚುರುಕಾಗುತ್ತದೆ. ಮೂತ್ರಪಿಂಡಗಳ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಗಳು ಕ್ಷಣಾರ್ಧದಲ್ಲಿ ಅಡ್ರಿನಲಿನ್ ಸುರಿಸುತ್ತವೆ. ಚರ್ಮದ ರಕ್ತನಾಳಗಳು ಸಂಕುಚಿಸಿ ರಕ್ತ ತೊಡೆ ತೋಳುಗಳ ದೊಡ್ಡ ಸ್ನಾಯುಗಳತ್ತ ತಿರುಗುವುದರಿಂದ ಅಂಗೈ ತಣ್ಣಗಾಗುತ್ತದೆ. ಆ ರಕ್ತವನ್ನು ತಳ್ಳಲು ಹೃದಯ ವೇಗ ಹೆಚ್ಚಿಸಿಕೊಳ್ಳುತ್ತದೆ. ಓಡಬೇಕಾದವನಿಗೆ ಊಟ ಜೀರ್ಣಿಸುವ ತುರ್ತು ಇಲ್ಲವಾದ್ದರಿಂದ ಜೊಲ್ಲು ಕಡಿಮೆಯಾಗುತ್ತದೆ, ಜಠರದ ಚಲನೆ ನಿಲ್ಲುತ್ತದೆ. ಕೆರಳಿದ ಬೆಕ್ಕಿನ ಜಠರ ಹೀಗೆ ಸ್ತಬ್ಧವಾಗುವುದನ್ನು ಹಾರ್ವರ್ಡ್‌ನ ವಾಲ್ಟರ್ ಕ್ಯಾನನ್ ಎಕ್ಸ್-ರೇ ಮೂಲಕ ಕಂಡಿದ್ದರು. ‘ಕಾದಾಟ ಇಲ್ಲವೇ ಪಲಾಯನ’ ಎಂಬ ಪ್ರಸಿದ್ಧ ಕಲ್ಪನೆ ಅವರದು.

ಎರಡನೆಯ ವ್ಯವಸ್ಥೆ ನಿಧಾನದ್ದು. ಮಿದುಳಿನ ಹೈಪೋಥಲಾಮಸ್ ಪಿಟ್ಯುಟರಿ ಗ್ರಂಥಿಗೆ, ಪಿಟ್ಯುಟರಿ ಅಡ್ರಿನಲ್ ಗ್ರಂಥಿಗೆ ರಾಸಾಯನಿಕ ಸಂದೇಶ ಕಳುಹಿಸುತ್ತದೆ. ಅದರ ಫಲವಾಗಿ ಹೊರಡುವ ಕಾರ್ಟಿಸಾಲ್ ಹಾರ್ಮೋನು ಸುಮಾರು 20ರಿಂದ 30 ನಿಮಿಷಗಳಲ್ಲಿ ಗರಿಷ್ಠ ಮಟ್ಟ ಮುಟ್ಟಿ, ರಕ್ತದಲ್ಲಿ ಸಕ್ಕರೆಯನ್ನು ಒದಗಿಸುತ್ತದೆ. ಕಾರ್ಟಿಸಾಲ್ ಸಾಕಷ್ಟಾದಾಗ ಅದೇ ಮಿದುಳಿಗೆ ‘ಇನ್ನು ಸಾಕು’ ಎಂದು ತಿಳಿಸಿ ತನ್ನ ಉತ್ಪಾದನೆಯನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಇದು ಬಹಳ ಅಚ್ಚುಕಟ್ಟಾದ ಏರ್ಪಾಡು. ವರ್ಣ ಮುಗಿದು ಕೃತಿಗೆ ಬರುವಷ್ಟರಲ್ಲಿ ಗಾಯಕಿಯ ಅಂಗೈ ಬೆಚ್ಚಗಾಗಿರುತ್ತದೆ, ಕಛೇರಿ ಮುಗಿದ ಮೇಲೆ ಉಪ್ಪಿಟ್ಟೂ ರುಚಿಸುತ್ತದೆ. ಇಂಥ ಅಲ್ಪಕಾಲದ ಒತ್ತಡದಿಂದ ಆರೋಗ್ಯವಂತರಿಗೆ ಕೆಡುಕಿಲ್ಲ. ಹಲವೊಮ್ಮೆ ಅದು ಗಮನವನ್ನು ಹರಿತಗೊಳಿಸುತ್ತದೆ.

ತೊಂದರೆ ಶುರುವಾಗುವುದು ‘ಇನ್ನು ಸಾಕು’ ಎಂಬ ಸಂದೇಶ ಕೇಳಿಸದೆ ಹೋದಾಗ. ಸಾಲದ ಕಂತು, ಮೇಲಧಿಕಾರಿಯ ಮುನಿಸು, ಮುಗಿಯದ ಕೋರ್ಟು ವ್ಯಾಜ್ಯ ಇವಕ್ಕೆ ಮಂಗಳ ಹಾಡುವ ಹೊತ್ತು ಬರುವುದಿಲ್ಲ. ತಿಂಗಳುಗಟ್ಟಲೆ ಸಜ್ಜಾಗಿಯೇ ಇರುವ ದೇಹದಲ್ಲಿ ನಿದ್ರೆ ಒಡೆಯುತ್ತದೆ, ಕುತ್ತಿಗೆ ಮತ್ತು ಬೆನ್ನು ಬಿಗಿಯುತ್ತವೆ, ಮರೆವು ಹೆಚ್ಚುತ್ತದೆ, ಸಣ್ಣ ನೆಗಡಿಯೂ ಬಿಡದೆ ಕಾಡುತ್ತದೆ. ಹೃದ್ರೋಗ ಮತ್ತು ಖಿನ್ನತೆಯ ಸಂಭವವೂ ಏರುತ್ತದೆ.

ದುಡಿಮೆಯ ಒತ್ತಡ

ದೊಡ್ಡ ಹುದ್ದೆ, ದೊಡ್ಡ ಒತ್ತಡ ಎಂಬುದು ಜನಜನಿತ ನಂಬಿಕೆ. ಲಂಡನ್ನಿನ ಸರ್ಕಾರಿ ನೌಕರರನ್ನು ಕುರಿತು 1967ರಲ್ಲಿ ಆರಂಭವಾದ ವೈಟ್‌ಹಾಲ್ ಅಧ್ಯಯನ ಇದನ್ನು ತಲೆಕೆಳಗು ಮಾಡಿತು. ಮೈಕೆಲ್ ಮಾರ್ಮಟ್ ಮತ್ತು ಸಂಗಡಿಗರ ವಿಶ್ಲೇಷಣೆಯಂತೆ, ಹೃದ್ರೋಗದ ಸಾವು ಅತಿ ಕೆಳಗಿನ ದರ್ಜೆಯ ನೌಕರರಲ್ಲಿ ಅತಿ ಮೇಲಿನ ದರ್ಜೆಯವರಿಗಿಂತ ಸುಮಾರು ಮೂರು ಪಟ್ಟು ಹೆಚ್ಚಿತ್ತು. ಧೂಮಪಾನ, ರಕ್ತದೊತ್ತಡ ಮುಂತಾದ ಕಾರಣಗಳು ಈ ಅಂತರದ ಒಂದು ಪಾಲನ್ನಷ್ಟೇ ವಿವರಿಸಿದವು. 1985ರಲ್ಲಿ ತೊಡಗಿದ ಎರಡನೆಯ ಅಧ್ಯಯನ ಇನ್ನೊಂದು ಕಾರಣವನ್ನು ಮುಂದಿಟ್ಟಿತು: ತನ್ನ ಕೆಲಸದ ಮೇಲೆ ತನಗೆ ಹಿಡಿತ ಇಲ್ಲದಿರುವುದು. ರಾಬರ್ಟ್ ಕರಾಸೆಕ್ 1979ರಲ್ಲೇ ಇದಕ್ಕೊಂದು ಮಾದರಿ ಕೊಟ್ಟಿದ್ದರು. ಬೇಡಿಕೆ ಹೆಚ್ಚು, ಹಿಡಿತವೂ ಹೆಚ್ಚು ಇರುವ ಕೆಲಸ ಮನುಷ್ಯನನ್ನು ಬೆಳೆಸುತ್ತದೆ. ಬೇಡಿಕೆ ಹೆಚ್ಚು, ಹಿಡಿತ ಕಡಿಮೆ ಇರುವ ಕೆಲಸ ಅವನನ್ನು ಸವೆಸುತ್ತದೆ.

ಬೆಂಗಳೂರಿಗೆ ಈ ಮಾದರಿ ಸಲೀಸಾಗಿ ಹೊಂದುತ್ತದೆ. ಸ್ವಂತ ದಿನಸಿ ಅಂಗಡಿಯವರು ಬೆಳಗಿನಿಂದ ರಾತ್ರಿಯವರೆಗೆ ದುಡಿದರೂ ಮಧ್ಯಾಹ್ನ ಅರ್ಧ ಬಾಗಿಲು ಎಳೆದು ಒಂದು ನಿದ್ದೆ ತೆಗೆಯಬಲ್ಲರು. ಊಟ ತಲುಪಿಸುವ ಹುಡುಗನ ಪ್ರತಿ ನಿಮಿಷವನ್ನೂ ಕೈಯಲ್ಲಿರುವ ಆ್ಯಪ್ ಎಣಿಸುತ್ತದೆ. ಇನ್ಫೋಸಿಸ್ ಸ್ಥಾಪಕರಲ್ಲಿ ಒಬ್ಬರಾದ ಎನ್.ಆರ್. ನಾರಾಯಣಮೂರ್ತಿಯವರು 2023ರ ಅಕ್ಟೋಬರ್‌ನಲ್ಲಿ ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕೆಂದಾಗ ದೇಶದಾದ್ಯಂತ ಚರ್ಚೆಯಾಯಿತು. ಹೆಚ್ಚು ಗಂಟೆಗಳ ಬಗೆಗಿನ ಆತಂಕಕ್ಕೆ ಆಧಾರವಿದೆ: ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳ 2021ರ ಅಂದಾಜಿನಂತೆ, ವಾರಕ್ಕೆ 35–40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು ಅಧಿಕ. ಭಾರತದ 1948ರ ಕಾರ್ಖಾನೆ ಕಾಯಿದೆ ವಾರದ ಮಿತಿಯನ್ನು 48 ಗಂಟೆಗೆ ನಿಲ್ಲಿಸಿತ್ತು. ಆದರೆ ಆ ಚರ್ಚೆಯಲ್ಲಿ, ಗಂಟೆ ಎಷ್ಟೇ ಆಗಲಿ ಅದರ ಮೇಲೆ ಹಿಡಿತ ಯಾರದು ಎಂಬ ಪ್ರಶ್ನೆಗೆ ಸಿಗಬೇಕಾದಷ್ಟು ಜಾಗ ಸಿಗಲಿಲ್ಲ.

ದುಡಿಮೆಯ ಒತ್ತಡ ಬಲಿತಾಗ ಬರುವ ಸ್ಥಿತಿಗೆ ಇಂಗ್ಲಿಷಿನಲ್ಲಿ ಬರ್ನ್‌ಔಟ್ ಎಂದು ಹೆಸರು. ಕನ್ನಡದ ಬಸವಳಿಕೆ ಎಂಬ ಹಳೆಯ ಪದ ಇದಕ್ಕೆ ಚೆನ್ನಾಗಿ ಒಪ್ಪುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದರ ಮೂರು ಗುರುತುಗಳನ್ನು ಹೇಳಿತು: ಶಕ್ತಿ ಬತ್ತಿಹೋದ ಭಾವ, ಕೆಲಸದ ಬಗ್ಗೆ ಜಿಗುಪ್ಸೆ, ಕುಸಿದ ಕಾರ್ಯಕ್ಷಮತೆ. ಅದನ್ನು ಕಾಯಿಲೆಯ ಪಟ್ಟಿಗೆ ಸೇರಿಸದೆ, ಸರಿಯಾಗಿ ನಿಭಾಯಿಸದ ದುಡಿಮೆಯ ಒತ್ತಡದ ಫಲ ಎಂದು ಕರೆದದ್ದು ಗಮನಾರ್ಹ. ಶುಕ್ರವಾರ ಮಧ್ಯಾಹ್ನ ಸಿಬ್ಬಂದಿಗೆ ಯೋಗ ತರಗತಿ ನಡೆಸಿ, ಅದೇ ರಾತ್ರಿ ಹತ್ತಕ್ಕೆ ಹೊರದೇಶದ ಗ್ರಾಹಕರ ಕರೆಗೆ ಕೂರಿಸುವ ಕಚೇರಿ ಅರ್ಧ ಔಷಧಿಯನ್ನಷ್ಟೇ ಕೊಟ್ಟಂತಾಯಿತು.

ದಾರಿ ಮತ್ತು ಮನೆ

ಸಂಚಾರ ದಟ್ಟಣೆಯನ್ನು ಅಳೆಯುವ ಟಾಮ್‌ಟಾಮ್ ಸಂಸ್ಥೆಯ 2023ರ ಲೆಕ್ಕದಂತೆ ಬೆಂಗಳೂರಿನ ನಡುಭಾಗದಲ್ಲಿ 10 ಕಿ.ಮೀ. ಸಾಗಲು ಸರಾಸರಿ 28 ನಿಮಿಷ 10 ಸೆಕೆಂಡು ಬೇಕಾಗುತ್ತಿತ್ತು. ಈ ತಡಕ್ಕಿಂತ ಹೆಚ್ಚು ಕಾಡುವುದು ಅನಿಶ್ಚಿತತೆ. ಜೇ ವೈಸ್ ಎಂಬ ಸಂಶೋಧಕರ ಪ್ರಯೋಗದಲ್ಲಿ, ಒಂದೇ ಪ್ರಮಾಣದ ವಿದ್ಯುದಾಘಾತ ಪಡೆದ ಇಲಿಗಳಲ್ಲಿ ಮೊದಲೇ ಸದ್ದಿನ ಸೂಚನೆ ಸಿಕ್ಕವಕ್ಕೆ ಜಠರದ ಹುಣ್ಣು ಕಡಿಮೆಯಾಯಿತು. 2014ರ ಮಾರ್ಚ್‌ನಲ್ಲಿ ಸಂಪಿಗೆ ರಸ್ತೆಯಿಂದ ಪೀಣ್ಯದತ್ತ ಮೆಟ್ರೊ ಓಡತೊಡಗಿದ ಮೇಲೆ ಮಲ್ಲೇಶ್ವರದ ಸುತ್ತಿನವರಿಗೆ ಆದ ದೊಡ್ಡ ಲಾಭವನ್ನು ಹೀಗೂ ನೋಡಬಹುದು: ಎಷ್ಟು ಹೊತ್ತಿಗೆ ತಲುಪುತ್ತೇವೆ ಎಂಬುದು ಹೊರಡುವಾಗಲೇ ಗೊತ್ತು.

ಮನೆಯೊಳಗಿನ ದುಡಿಮೆಯಲ್ಲೂ ಒತ್ತಡವಿದೆ, ಆದರೆ ಅದಕ್ಕೆ ಹಾಜರಿ ಪುಸ್ತಕವಿಲ್ಲ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ.

ಇಳಿಸುವ ಕ್ರಮಗಳು

ದೇಹ ಓಟಕ್ಕೆ ಸಜ್ಜಾಗಿದ್ದರೆ ಅದಕ್ಕೆ ಚಲನೆ ಕೊಡುವುದು ಅತ್ಯಂತ ನೇರವಾದ ಉಪಾಯ. 1953ರಲ್ಲಿ ಜೆರೆಮಿ ಮಾರಿಸ್ ಲಂಡನ್ನಿನ ಬಸ್ಸುಗಳನ್ನು ಕುರಿತು ಪ್ರಕಟಿಸಿದ ಅಧ್ಯಯನದಲ್ಲಿ, ದಿನವಿಡೀ ಕುಳಿತ ಚಾಲಕರಿಗಿಂತ ಮಹಡಿ ಬಸ್ಸಿನ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಲ್ಲಿ ಹೃದ್ರೋಗ ಕಡಿಮೆ ಕಂಡಿತ್ತು. ವೈಯಾಲಿಕಾವಲಿನವರಿಗೆ 1882ರ ಸ್ಯಾಂಕಿ ಕೆರೆ ಹತ್ತಿರದಲ್ಲೇ ಇದೆ. ಕಚೇರಿಯಿಂದ ಬಂದವರು ಅದರ ದಂಡೆಯ ಮೇಲೆ ಮೊಬೈಲ್ ಇಲ್ಲದೆ ಅರ್ಧ ಗಂಟೆ ಬಿರುಸಾಗಿ ನಡೆದರೆ ಕುದುರೆಯ ಬೆವರು ಆರಿಸಿದಂತೆಯೇ.

ಉಸಿರಾಟದ ಉಪಾಯಕ್ಕೂ ಶಾರೀರಿಕ ಆಧಾರವಿದೆ. ನಾಡಿಯ ಮೇಲೆ ಬೆರಳಿಟ್ಟು ನಿಧಾನವಾಗಿ ಉಸಿರಾಡಿದರೆ, ಒಳಗೆಳೆದಾಗ ಬಡಿತ ಚುರುಕಾಗುವುದನ್ನೂ ಹೊರಬಿಟ್ಟಾಗ ನಿಧಾನವಾಗುವುದನ್ನೂ ಹಲವರು ಸ್ವತಃ ಗುರುತಿಸಬಲ್ಲರು. ನಿಶ್ವಾಸದ ಹೊತ್ತಿನಲ್ಲಿ ವೇಗಸ್ ಎಂಬ ನರ ಹೃದಯಕ್ಕೆ ಕಡಿವಾಣ ಹಾಕುತ್ತದೆ. ಹೀಗಾಗಿ ನಿಶ್ವಾಸವನ್ನು ದೀರ್ಘಗೊಳಿಸಿ, ಸಾಮಾನ್ಯವಾಗಿ ನಿಮಿಷಕ್ಕೆ 12ರಿಂದ 18 ಇರುವ ಉಸಿರನ್ನು ಸುಮಾರು ಆರಕ್ಕೆ ಇಳಿಸಿದರೆ ದೇಹ ವಿಶ್ರಾಂತಿಯ ಕಡೆಗೆ ವಾಲುತ್ತದೆ. ಭ್ರಾಮರಿ ಪ್ರಾಣಾಯಾಮದಲ್ಲಿ ದುಂಬಿಯಂತೆ ಗುಂಯ್‌ಗುಡುವಾಗ ನಡೆಯುವುದೂ ದೀರ್ಘ ನಿಶ್ವಾಸವೇ. ಜಿಗಣಿ ಬಳಿಯ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನ ಮಾಂಡೂಕ್ಯ ಕಾರಿಕೆಯ ಒಂದು ಸೂಚನೆಯಿಂದ ಆವರ್ತನ ಧ್ಯಾನ ಎಂಬ ಕ್ರಮವನ್ನು ರೂಪಿಸಿದೆ. ನಿಧಾನವಾದ ಆಸನ, ನಂತರ ಮಲಗಿ ವಿಶ್ರಾಂತಿ, ಮತ್ತೆ ಆಸನ ಎಂಬುದು ಅದರ ಸರಣಿ. ಬರಿಯ ಶವಾಸನಕ್ಕಿಂತ ಇದರ ನಂತರ ದೇಹದ ಆಮ್ಲಜನಕ ಬಳಕೆ ಹೆಚ್ಚು ತಗ್ಗಿದ್ದನ್ನು ಅಲ್ಲಿನ ಸಂಶೋಧಕರು ಅಳೆದಿದ್ದಾರೆ. ಚಡಪಡಿಸುವ ಮನಸ್ಸನ್ನು ಸುಮ್ಮನೆ ಮಲಗು ಎಂದರೆ ಮಲಗದು ಎಂಬುದು ಅನುಭವಕ್ಕೂ ಒಪ್ಪುವ ಮಾತು.

ನಿದ್ರೆಯ ವಿಷಯದಲ್ಲಿ ಹಳೆಯ ಬೆಂಗಳೂರಿಗೆ ಫಿಲ್ಟರ್ ಕಾಫಿಯೇ ಒಂದು ಪರೀಕ್ಷೆ. ಕುಡಿದ ಕೆಫೀನಿನ ಅರ್ಧ ಭಾಗ ದೇಹದಿಂದ ಹೊರಹೋಗಲು ಸುಮಾರು 5 ಗಂಟೆ ಬೇಕು. ಸಂಜೆ ಆರರ ಲೋಟದ ಕೆಫೀನಿನಲ್ಲಿ ಅರ್ಧ ಭಾಗ, ರಾತ್ರಿ ಹನ್ನೊಂದಕ್ಕೂ ರಕ್ತದಲ್ಲಿ ಎಚ್ಚರವಾಗಿರುತ್ತದೆ. ಒಂದು ಕಾಫಿಯನ್ನು ಇಬ್ಬರು ಹಂಚಿಕೊಳ್ಳುವ ಬೈಟೂ ಪದ್ಧತಿ ಜೇಬಿಗಾಗಿ ಹುಟ್ಟಿರಬಹುದು, ಆದರೆ ಅದರಿಂದ ಕೆಫೀನೂ ಅರ್ಧವಾಗುತ್ತದೆ, ಹರಟೆಗೆ ಜೊತೆಯೂ ಸಿಗುತ್ತದೆ. ಹರಟೆಯನ್ನೂ ನಗುವನ್ನೂ ಕಡೆಗಣಿಸುವಂತಿಲ್ಲ. ರಾಶಿ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಡಾ. ಎಂ. ಶಿವರಾಂ ವೃತ್ತಿಯಿಂದ ವೈದ್ಯರು. 1942ರಲ್ಲಿ ಕೊರವಂಜಿ ಹಾಸ್ಯಪತ್ರಿಕೆ ಆರಂಭಿಸಿದವರು ಅವರೇ, ಮನಸ್ಸಿನ ಶಾಸ್ತ್ರವನ್ನು ಕುರಿತ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರೂ ಅವರೇ.

ನೆರವು ಯಾವಾಗ, ಎಲ್ಲಿ

ನಿದ್ರೆ, ಹಸಿವು, ಕೆಲಸದಲ್ಲಿ ಆಸಕ್ತಿ ಇವು ಎರಡು ವಾರಕ್ಕೂ ಮೀರಿ ಕೆಟ್ಟಿದ್ದರೆ, ಕುಡಿತ ಹೆಚ್ಚುತ್ತಿದ್ದರೆ, ಬದುಕು ಬೇಡ ಎಂಬ ಯೋಚನೆ ಒಮ್ಮೆ ಸುಳಿದರೂ, ನಡಿಗೆ ಮತ್ತು ಉಸಿರಾಟದ ಉಪಾಯಗಳನ್ನು ನೆಚ್ಚಿ ಕೂರಬಾರದು. ಎದೆನೋವು ಬಂದಾಗ ಟೆನ್ಷನ್ ಇರಬೇಕೆಂದು ಮನೆಯಲ್ಲಿಯೇ ತೀರ್ಮಾನಿಸುವುದೂ ಅಪಾಯ; ಮೊದಲು ಹೃದಯದ ಪರೀಕ್ಷೆ ಆಗಬೇಕು.

ಹೊಸೂರು ರಸ್ತೆಯ ನಿಮ್ಹಾನ್ಸ್ ಬೆಂಗಳೂರಿನ ಹಳೆಯ ಮಾನಸಿಕ ಆಸ್ಪತ್ರೆ ಮತ್ತು 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಗಳು 1974ರಲ್ಲಿ ಒಂದಾಗಿ ರೂಪುಗೊಂಡ ಸಂಸ್ಥೆ. ‘ನಿಮ್ಹಾನ್ಸ್‌ಗೆ ಸೇರಿಸಬೇಕು’ ಎಂಬುದು ಊರಿನಲ್ಲಿ ಬೈಗುಳದಂತೆ ಬಳಕೆಯಾಗುತ್ತದೆ. ಎಷ್ಟೋ ಜನ ಅಲ್ಲಿಗೆ ಹೋಗಲು ಹಿಂಜರಿಯುವುದಕ್ಕೆ ಈ ಮಾತೂ ಕಾರಣ. ಆ ಸಂಸ್ಥೆಯೇ ನಡೆಸಿಕೊಟ್ಟ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, ವಯಸ್ಕರಲ್ಲಿ ಶೇ 10.6 ಮಂದಿಗೆ ಆ ಹೊತ್ತಿನಲ್ಲಿ ಯಾವುದಾದರೊಂದು ಮಾನಸಿಕ ಅಸ್ವಸ್ಥತೆ ಇತ್ತು. ಅವರಲ್ಲಿ ಬಹುಪಾಲು ಜನ ಚಿಕಿತ್ಸೆಯನ್ನೇ ಪಡೆದಿರಲಿಲ್ಲ. ಆಸ್ಪತ್ರೆಯ ಮೆಟ್ಟಿಲು ಹತ್ತಲು ಮನಸ್ಸಾಗದವರಿಗೆ ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಎಂಬ ದೂರವಾಣಿ ಸೇವೆ ಆರಂಭಿಸಿತು. ಸಂಖ್ಯೆ 14416. ಹಗಲು ರಾತ್ರಿ ಉಚಿತವಾಗಿ ಲಭ್ಯವಿರುವ ಈ ಸೇವೆಯಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು.